ಓವರ್‌ಹಾಲ್ ಆದ ಮೇಲೆ ಹೆಡ್ ಬೋಲ್ಟ್ ಮತ್ತೆ ಟೈಟ್ ಮಾಡಬೇಕಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಹಳೇ ಟ್ರ್ಯಾಕ್ಟರ್‌ನ ಮೂರು ಸಿಲಿಂಡರ್ ಡೀಸೆಲ್ ಎಂಜಿನ್ ಪೂರ್ತಿ ಬಿಚ್ಚಿ ಕೆಲಸ ಮಾಡಿದ್ದೇನೆ. ಲೈನರ್, ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲಾ ಹೊಸದು. ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಫೇಸಿಂಗ್ ಮಾಡಿಸಿ, ಅಂದರೆ ತಳ ಸಮ ಮಾಡಿಸಿ, ನಾನೇ ಕೂರಿಸಿ, ಟಾರ್ಕ್ ರೆಂಚ್‌ನಲ್ಲಿ (ತಿರುಗಿಸುವ ಬಲ, ಅಂದರೆ ಟಾರ್ಕ್ ಅಳೆಯುವ ಪಾನಾ) ಬಿಗಿ ಮಾಡಿದೆ. ಎಂಜಿನ್ ಚೆನ್ನಾಗಿ ಓಡುತ್ತಿದೆ, ಎಲ್ಲೂ ಸೋರುತ್ತಿಲ್ಲ. ಮ್ಯಾನ್ಯುಯಲ್‌ನಲ್ಲಿ ಒಂದು ಸಲ ಬಿಸಿ ಮಾಡಿದ ಮೇಲೆ ಮತ್ತೆ ಬಿಗಿ ಮಾಡಿ ಅಂತ ಇದೆ. ಪರಿಚಯದ ಮೆಕ್ಯಾನಿಕ್ ಒಬ್ಬರು ‘ಸೋರದೆ ಇದ್ದರೆ ಮುಟ್ಟಲೇಬೇಡಿ’ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ 1:
ಹೆಡ್ ಮತ್ತು ಬ್ಲಾಕ್ ನಡುವೆ ಸೋರದಂತೆ ಹಾಕುವ ಗ್ಯಾಸ್ಕೆಟ್ ಯಾವುದು ಹಾಕಿದ್ದೀರಿ? ಬೋಲ್ಟ್ ಯಾವ ಥರದ್ದು? ಅದು ಗೊತ್ತಾಗದೆ ಉತ್ತರ ಹೇಳುವುದು ಕಷ್ಟ.

ಪ್ರಶ್ನೆ ಕೇಳಿದವರು:
ಹಳೇ ಮಾದರಿಯ ಗ್ಯಾಸ್ಕೆಟ್ ಸರ್. ಎರಡೂ ಕಡೆ ತಗಡು, ನಡುವೆ ಮೆತ್ತನೆಯ ಪದರ. ಮತ್ತೆ ಬಿಗಿ ಮಾಡಬೇಡಿ ಅಂತ ಪ್ಯಾಕೆಟ್ ಮೇಲೆ ಎಲ್ಲೂ ಬರೆದಿಲ್ಲ. ಬ್ಲಾಕ್‌ನಲ್ಲಿ ಸ್ಟಡ್ (ತಲೆಯಿಲ್ಲದ ಬೋಲ್ಟ್), ಮೇಲೆ ನಟ್. ಹೆಡ್ ಬೀಡಿನದು (ಎರಕದ ಕಬ್ಬಿಣ).

ಉತ್ತರ 2:
ಹಾಗಿದ್ದರೆ ಮ್ಯಾನ್ಯುಯಲ್ ಮಾತೇ ಸರಿ. ದಯವಿಟ್ಟು ಇದನ್ನು ಬಿಡಬೇಡಿ. ಇಷ್ಟು ದುಡ್ಡು, ಇಷ್ಟು ಶ್ರಮ ಹಾಕಿದ್ದೀರಿ. ಉಳಿದಿರುವುದು ಅರ್ಧ ದಿನದ ಕೆಲಸ.

ನಡುವಿನ ಆ ಮೆತ್ತನೆಯ ಪದರ ಮೊದಲ ಬಿಸಿಗೆ ಇನ್ನೊಂದಿಷ್ಟು ಅಮುಕಿಕೊಳ್ಳುತ್ತದೆ. ಗ್ಯಾಸ್ಕೆಟ್ ತೆಳುವಾದಷ್ಟೂ ಸ್ಟಡ್‌ನ ಎಳೆತ ಕಡಿಮೆಯಾಗುತ್ತದೆ. ನಟ್ ಒಂದು ಕೂದಲೆಳೆಯಷ್ಟೂ ತಿರುಗಿರುವುದಿಲ್ಲ, ಆದರೂ ಹಿಡಿತ ಸಡಿಲ. ಇವತ್ತು ಸೋರುತ್ತಿಲ್ಲ ಅನ್ನುವುದು ನಿಜ. ಲೋಡ್ ಬಿದ್ದಾಗ ಎರಡು ಸಿಲಿಂಡರ್‌ಗಳ ನಡುವಿನ ಸಣ್ಣ ಪಟ್ಟಿ ಮೊದಲು ಸುಡುತ್ತದೆ. ಅಷ್ಟು ಹೊತ್ತಿಗೆ ಬಿಗಿ ಮಾಡಿ ಏನೂ ಪ್ರಯೋಜನವಿಲ್ಲ.

ಬಿಸಿಯಲ್ಲೇ ಬಿಗಿ ಮಾಡಿ ಅಂತ ಮ್ಯಾನ್ಯುಯಲ್ ಹೇಳಿದ್ದರೆ ಹಾಗೇ ಮಾಡಿ. ಏನೂ ಹೇಳದಿದ್ದರೆ ರಾತ್ರಿಯಿಡೀ ತಣ್ಣಗಾಗಲು ಬಿಡಿ. ಅರೆಬರೆ ಬಿಸಿಯಲ್ಲಿ ಬೇಡ, ಒಂದು ನಟ್‌ಗೂ ಇನ್ನೊಂದಕ್ಕೂ ಅಳತೆ ಹೊಂದುವುದಿಲ್ಲ.

ಈಗ ಮುಖ್ಯ ವಿಷಯ. ಸುಮ್ನೆ ರೆಂಚ್ ಹಾಕಿ, ಬೇಕಾದ ಟಾರ್ಕ್ ಬಂತು ಅಂತ ಅದು ‘ಟಕ್’ ಅಂದರೆ ಆಯ್ತು ಅಂದುಕೊಳ್ಳಬೇಡಿ. ನಿಂತ ನಟ್ ಅಂಟಿಕೊಂಡಿರುತ್ತದೆ. ಅದನ್ನು ಅಲುಗಿಸುವುದಕ್ಕೇ ಜಾಸ್ತಿ ಬಲ ಬೇಕು. ಹಾಗಾಗಿ ಒಳಗೆ ಎಳೆತ ಕಡಿಮೆಯಾಗಿದ್ದರೂ, ನಟ್ ಅಲುಗಾಡುವ ಮೊದಲೇ ರೆಂಚ್ ಟಕ್ ಅನ್ನುತ್ತದೆ. ನೀವು ಹಾಕುವ ಟಾರ್ಕ್‌ನಲ್ಲಿ ಸುಮಾರು 90 ಪರ್ಸೆಂಟ್ ಬರೀ ಉಜ್ಜಾಟಕ್ಕೇ ಹೋಗುತ್ತದೆ. ಸ್ಟಡ್ ಎಳೆಯುವುದಕ್ಕೆ ಉಳಿಯುವುದು 10 ಪರ್ಸೆಂಟ್ ಆಸುಪಾಸು.

ಅದಕ್ಕೇ ಒಂದು ನಟ್ ಅನ್ನು ಕಾಲು ಸುತ್ತು ಬಿಡಿಸಿ, ಪೂರ್ತಿ ಟಾರ್ಕ್ ಬರುವವರೆಗೂ ನಿಲ್ಲಿಸದೆ ಒಂದೇ ಎಳೆತಕ್ಕೆ ಬಿಗಿ ಮಾಡಿ. ಆಮೇಲೆ ಮುಂದಿನದಕ್ಕೆ ಹೋಗಿ. ಕ್ರಮ ಮ್ಯಾನ್ಯುಯಲ್‌ನದೇ, ನಡುವಿನಿಂದ ಹೊರಕ್ಕೆ. ಎಲ್ಲಾ ನಟ್ ಒಟ್ಟಿಗೆ ಮಾತ್ರ ಸಡಿಲಿಸಬೇಡಿ. ಒಮ್ಮೆ ಕೂತ ಗ್ಯಾಸ್ಕೆಟ್ ಮೇಲಿನ ಒತ್ತಡ ಪೂರ್ತಿ ಹೋದರೆ ಅದು ಮತ್ತೆ ಸರಿಯಾಗಿ ಕೂರುವ ಭರವಸೆ ಇಲ್ಲ. ಕೂಲೆಂಟ್ ಇಳಿಸಬೇಕಿಲ್ಲ.

ಉತ್ತರ 3:
ಮೇಲಿನವರು ಹೇಳಿದ್ದು ಸರಿ. ಬಿಗಿ ಮಾಡಿದ ಮೇಲೆ ಟ್ಯಾಪೆಟ್ ಸೆಟ್ಟಿಂಗ್ (ರಾಕರ್ ಮತ್ತು ವಾಲ್ವ್ ನಡುವಿನ ಗ್ಯಾಪ್ ಸರಿ ಮಾಡುವುದು) ಮರೆಯಬೇಡಿ. ಹೆಡ್ ಒಂಚೂರು ಕೆಳಗೆ ಇಳಿದರೆ ಅದರ ಮೇಲಿರುವ, ವಾಲ್ವ್ ಒತ್ತುವ ರಾಕರ್‌ಗಳೂ ಇಳಿಯುತ್ತವೆ. ಕೆಳಗಿನಿಂದ ರಾಕರ್ ತಳ್ಳುವ ಪುಶ್ ರಾಡ್ ಉದ್ದ ಅಷ್ಟೇ ಇರುತ್ತದೆ. ಅಂದರೆ ಗ್ಯಾಪ್ ಕಡಿಮೆಯಾಗುತ್ತದೆ. ಗ್ಯಾಪ್ ಪೂರ್ತಿ ಹೋದರೆ ವಾಲ್ವ್ ಸೀಟ್ ಮೇಲೆ ಕೂರುವುದಿಲ್ಲ. ಮೊದಲು ಸುಡುವುದು ಎಕ್ಸಾಸ್ಟ್ ವಾಲ್ವ್. ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಹಾಕಿ ಎಲ್ಲವನ್ನೂ ನೋಡಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಕಾಲು ಸುತ್ತು ಬಿಡಿಸುವ ವಿಷಯ ನನಗೆ ಗೊತ್ತೇ ಇರಲಿಲ್ಲ. ಇನ್ನೊಂದು ಮಾತು. ತಮ್ಮನ ಕಾರಿನ ಹೆಡ್ ಕೂಡ ಇಳಿಸಿ ಹಾಕಿದ್ದಾರೆ. ಅದಕ್ಕೂ ಹೀಗೇ ಮಾಡಬೇಕಾ?

ಉತ್ತರ 2:
ಬೇಡ, ಅಲ್ಲಿ ಲೆಕ್ಕವೇ ಬೇರೆ. ಈಗಿನ ಕಾರುಗಳಲ್ಲಿ ಹೆಚ್ಚಾಗಿ ಹಲವು ಪದರದ ಸ್ಟೀಲ್ ಗ್ಯಾಸ್ಕೆಟ್ ಇರುತ್ತದೆ. ಅದು ಹಾಗೆ ಅಮುಕಿಕೊಳ್ಳುವುದಿಲ್ಲ. ಬೋಲ್ಟ್‌ಗೂ ಬರೀ ಟಾರ್ಕ್ ಅಲ್ಲ. ಸ್ವಲ್ಪ ಟಾರ್ಕ್ ಕೊಟ್ಟು, ಆಮೇಲೆ 90 ಡಿಗ್ರಿ, ಇನ್ನೊಮ್ಮೆ 90 ಡಿಗ್ರಿ ಅಂತ ಕೋನ ನೋಡಿ ತಿರುಗಿಸುತ್ತಾರೆ. ಅಂಥ ಬಹಳಷ್ಟು ಬೋಲ್ಟ್‌ಗಳು ಆಗಲೇ ಶಾಶ್ವತವಾಗಿ ಒಂಚೂರು ಉದ್ದವಾಗಿರುತ್ತವೆ. ಮತ್ತೆ ಎಳೆದರೆ ತುಂಡಾಗಬಹುದು, ಅಥವಾ ಬ್ಲಾಕ್‌ನ ಥ್ರೆಡ್ ಕಿತ್ತು ಬರಬಹುದು. ಆ ಕಾರಿನ ಸರ್ವಿಸ್ ಮ್ಯಾನ್ಯುಯಲ್ ನೋಡಿ. ಮತ್ತೆ ಬಿಗಿ ಮಾಡಿ ಅಂತ ಅದರಲ್ಲಿ ಇಲ್ಲದಿದ್ದರೆ ರೆಂಚ್ ಮುಟ್ಟಿಸಬೇಡಿ. ಸೋರಿದರೆ ಹೆಡ್ ಇಳಿಸಿ, ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟ್.