ಪದಚರ್ಚೆ: ‘ಆತನು ನಿಮಗೋಸ್ಕರ ಚಿಂತಿಸುತ್ತಾನೆ’ – ದೇವರಿಗೂ ಚಿಂತೆಯೇ?

ಪ್ರಶ್ನೆ:

ಬಳಗದವರಿಗೆ ನಮಸ್ಕಾರ. ಪೇತ್ರನ ಮೊದಲ ಪತ್ರಿಕೆ 5:7 ಹಳೆಯ ಸತ್ಯವೇದದಲ್ಲಿ, ಅಂದರೆ ಬೈಬಲಿನ ಹಳೆಯ ಕನ್ನಡ ಅನುವಾದದಲ್ಲಿ, ಹೀಗಿದೆ: ‘ನಿಮ್ಮ ಚಿಂತೆಯನ್ನೆಲ್ಲಾ ಆತನ ಮೇಲೆ ಹಾಕಿರಿ, ಆತನು ನಿಮಗೋಸ್ಕರ ಚಿಂತಿಸುತ್ತಾನೆ.’ ಮೊದಲನೆಯ ಚಿಂತೆ ನಾವು ಇಳಿಸಿಬಿಡಬೇಕಾದದ್ದು, ಎರಡನೆಯದು ದೇವರು ಮಾಡುವಂಥದ್ದು. ಗೋಡೆ ಕ್ಯಾಲೆಂಡರಿನಲ್ಲೂ ವಾಟ್ಸಾಪ್ ಚಿತ್ರಗಳಲ್ಲೂ ಎರಡನೆಯ ಅರ್ಧ ಮಾತ್ರ ಅಚ್ಚಾಗುತ್ತದೆ. ಅದನ್ನು ಓದಿದ ಸಂಡೇ ಸ್ಕೂಲ್ ಮಕ್ಕಳು ‘ದೇವರಿಗೂ ಟೆನ್ಷನ್ ಆಗುತ್ತಾ?’ ಎಂದು ಕೇಳಿದರೆ ತಪ್ಪು ಅವರದಲ್ಲ. ಮೂಲದಲ್ಲೂ ಒಂದೇ ಪದವಿದೆಯೇ? ‘ಕಾಳಜಿ ವಹಿಸುತ್ತಾನೆ’, ‘ನೋಡಿಕೊಳ್ಳುತ್ತಾನೆ’, ‘ವಿಚಾರಿಸಿಕೊಳ್ಳುತ್ತಾನೆ’ – ಇವುಗಳಲ್ಲಿ ಯಾವುದನ್ನು ಪಾಠದ ಹಾಳೆಗೆ ಹಾಕಬಹುದು?

ಉತ್ತರ:

ಮೂಲದಲ್ಲಿ ಒಂದೇ ಪದವಿಲ್ಲ. ಗ್ರೀಕಿನಲ್ಲಿ ಮೊದಲನೆಯದು ‘ಮೆರಿಮ್ನ’, ಎರಡನೆಯದು ‘ಮೆಲೇಯಿ’. ಕಿವಿಗೆ ಹತ್ತಿರ ಕೇಳಿದರೂ ಎರಡರ ಕೆಲಸ ಬೇರೆ. ‘ಮೆರಿಮ್ನ’ ಎಂದರೆ ಮನಸ್ಸನ್ನು ಕೊರೆಯುವ ಚಿಂತೆ. ಮತ್ತಾಯ 6ನೇ ಅಧ್ಯಾಯದ 25ರಿಂದ 34ರವರೆಗೆ, ಏನು ಉಣ್ಣೋಣ, ಏನು ಉಡೋಣ, ನಾಳೆ ಹೇಗೆ ಎಂಬ ಮಾತಿನಲ್ಲಿ ಇದರ ಕ್ರಿಯಾರೂಪ 6 ಸಲ ಬರುತ್ತದೆ. ‘ಮೆಲೇಯಿ’ ಎಂದರೆ ಒಬ್ಬರಿಗೆ ಇನ್ನೊಬ್ಬರು ಮುಖ್ಯ ಅನಿಸುವುದು, ಅವರ ಗತಿ ಏನಾಯಿತು ಎಂಬುದು ಮನಸ್ಸಿಗೆ ತಟ್ಟುವುದು.

ವ್ಯಾಕರಣವನ್ನೂ ಸ್ವಲ್ಪ ನೋಡಿ. ‘ಮೆಲೇಯಿ’ಗೆ ಕರ್ತೃ ಪ್ರಥಮಾ ವಿಭಕ್ತಿಯಲ್ಲಿ ಬರುವುದಿಲ್ಲ, ಚತುರ್ಥಿಯಲ್ಲಿ ಬರುತ್ತದೆ. ಅಂದರೆ ‘ಆತನು ಮಾಡುತ್ತಾನೆ’ ಅಲ್ಲ, ‘ಆತನಿಗೆ ಇದೆ’. ನಮಗೆ ಹಸಿವಾಗುತ್ತದೆ, ನಮಗೆ ನೆನಪಿದೆ, ನಮಗೆ ಅಕ್ಕರೆಯಿದೆ ಎನ್ನುವ ಕನ್ನಡಕ್ಕೆ ಇದಕ್ಕಿಂತ ಸಲೀಸಾದ ವಾಕ್ಯವಿಲ್ಲ. ‘ಆತನು ಚಿಂತಿಸುತ್ತಾನೆ’ ಎಂದು ಪ್ರಥಮಾ ವಿಭಕ್ತಿಯ ಅಚ್ಚಿಗೆ ಹಾಕಿದಾಗ ದೇವರು ಕೂತು ಏನೋ ಲೆಕ್ಕ ಹಾಕುತ್ತಿರುವ ಚಿತ್ರ ಬಂದುಬಿಡುತ್ತದೆ.

ಎರಡೂ ಪದ ಎದುರುಬದುರಾಗಿ ನಿಲ್ಲುವ ಜಾಗ ಲೂಕ 10:40–41. ಅಡುಗೆ ಕೆಲಸದಲ್ಲಿ ಒಬ್ಬಳೇ ಸಿಕ್ಕಿಕೊಂಡ ಮಾರ್ಥಳು ಯೇಸುವನ್ನು ಕೇಳುವುದು ‘ಮೆಲೇಯಿ’ಯ ಪ್ರಶ್ನೆ: ತಂಗಿ ನನ್ನೊಬ್ಬಳ ಮೇಲೆ ಕೆಲಸ ಬಿಟ್ಟಿದ್ದಾಳೆ, ನಿನಗೆ ಏನೂ ಅನಿಸುವುದಿಲ್ಲವೇ? ಯೇಸು ಉತ್ತರದಲ್ಲಿ ಎತ್ತುವುದು ‘ಮೆರಿಮ್ನ’ವನ್ನು: ಮಾರ್ಥಳೇ, ನೀನು ಬಹಳ ವಿಷಯಗಳಿಗೆ ಚಿಂತೆ ಹಚ್ಚಿಕೊಂಡಿದ್ದೀ. ಅವಳು ಕೇಳಿದ್ದು ಅಕ್ಕರೆ ಇಲ್ಲವೇ ಎಂದು, ಆತ ತೋರಿಸಿದ್ದು ಅವಳೊಳಗಿನ ತಳಮಳವನ್ನು. ಎರಡೂ ಕಡೆ ‘ಚಿಂತೆ’ ಎಂದರೆ ಈ ತಿರುವು ಮುಚ್ಚಿಹೋಗಿ, ಒಬ್ಬರ ಮಾತನ್ನು ಇನ್ನೊಬ್ಬರು ತಿರುಗಿಸಿ ಹೇಳಿದಂತೆ ಕೇಳಿಸುತ್ತದೆ.

ಮಾರ್ಕ 4:38ರ ದೋಣಿಯಲ್ಲಿ ಇನ್ನೂ ತಮಾಷೆಯಾದ ತೊಂದರೆಯಿದೆ. ಬಿರುಗಾಳಿ, ದೋಣಿಗೆ ನೀರು ತುಂಬುತ್ತಿದೆ, ಯೇಸು ಹಿಂಭಾಗದಲ್ಲಿ ದಿಂಬಿಗೆ ಒರಗಿ ನಿದ್ದೆಹೋಗಿದ್ದಾನೆ. ಶಿಷ್ಯರು ಎಬ್ಬಿಸಿ ಕೇಳುವುದೂ ‘ಮೆಲೇಯಿ’ಯ ಪ್ರಶ್ನೆಯೇ. ಇದನ್ನು ‘ನಿನಗೆ ಚಿಂತೆಯಿಲ್ಲವೋ’ ಎಂದು ಕನ್ನಡಿಸಿದ ಕೂಡಲೇ ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆ ಕಿವಿಯಲ್ಲಿ ಮೊಳಗುತ್ತದೆ. ಹೌದು, ಆತನಿಗೆ ಚಿಂತೆಯಿಲ್ಲ, ಅದಕ್ಕೇ ನಿದ್ದೆ! ಶಿಷ್ಯರು ಕೇಳಿದ್ದು ಅದಲ್ಲ. ‘ನಾವು ಸಾಯುತ್ತಿದ್ದೇವೆ, ನಿನಗೆ ನಮ್ಮ ಪರಿವೆಯೇ ಇಲ್ಲವೇ’ ಎಂದು. ಇಲ್ಲಿ ‘ಪರಿವೆ’ ಚೆನ್ನಾಗಿ ಕೂರುತ್ತದೆ, ಏಕೆಂದರೆ ಆ ಪದ ಬಳಕೆಯಲ್ಲಿರುವುದೇ ನಿಷೇಧದ ಜೊತೆ.

ಹಾಗೆಂದು ‘ಮೆರಿಮ್ನ’ ಕೆಟ್ಟದ್ದು, ‘ಮೆಲೇಯಿ’ ಒಳ್ಳೆಯದು ಎಂದು ಎರಡು ಡಬ್ಬಿ ಮಾಡಿ ಮಕ್ಕಳಿಗೆ ಕೊಡಬೇಡಿ. ಎಲ್ಲ ಕ್ರೈಸ್ತ ಸಭೆಗಳ ಬಗ್ಗೆ ತನಗಿರುವ ದಿನನಿತ್ಯದ ಭಾರವನ್ನು ಅಪೊಸ್ತಲ ಪೌಲ 2 ಕೊರಿಂಥ 11:28ರಲ್ಲಿ ‘ಮೆರಿಮ್ನ’ ಎಂದೇ ಕರೆಯುತ್ತಾನೆ. ತಿಮೊಥೆಯನಿಗೆ ಫಿಲಿಪ್ಪಿಯವರ ಮೇಲಿದ್ದ ಆಸ್ಥೆಗೂ (ಫಿಲಿಪ್ಪಿ 2:20) ಇದೇ ಕ್ರಿಯಾಪದ, ಅದೇ ಪತ್ರಿಕೆಯ 4:6ರಲ್ಲಿ ‘ಯಾವ ವಿಷಯಕ್ಕೂ ಚಿಂತಿಸಬೇಡಿ’ ಎನ್ನುವಾಗಲೂ ಇದೇ. ಆದರೆ ಪೇತ್ರನ ವಾಕ್ಯದಲ್ಲಿ ಎರಡು ಪದಗಳ ಅಂತರ ಸ್ಪಷ್ಟ.

ಇನ್ನು ಕನ್ನಡದ ಕಡೆ. ಹಳೆಯ ಅನುವಾದಕರು ‘ಚಿಂತಿಸು’ ಆರಿಸಿದ್ದು ತಪ್ಪೆಂದು ನಾನು ಹೇಳಲಾರೆ. ಕನ್ನಡದ ಮೊದಲ ಪೂರ್ಣ ಬೈಬಲ್ 1831ರಲ್ಲಿ ಬಳ್ಳಾರಿಯಲ್ಲಿ ಹೊರಬಂತು, ಆಮೇಲೆ ಪರಿಷ್ಕಾರಗಳಾದವು. ಆ ಕಾಲದ ಓದುಗನಿಗೆ ‘ಚಿಂತಿಸು’ ಎಂದರೆ ಮೊದಲು ‘ಮನಸ್ಸಿನಲ್ಲಿಡು’, ‘ಧ್ಯಾನಿಸು’. ಸಂಸ್ಕೃತದ ‘ಚಿಂತ್’ ಧಾತುವಿನ ಆ ಅರ್ಥ ಇವತ್ತಿಗೂ ‘ಚಿಂತನೆ’, ‘ಚಿಂತಕ’, ‘ಹಿತಚಿಂತಕ’ಗಳಲ್ಲಿ ಉಳಿದಿದೆ. (‘ಹಿತಚಿಂತಕರು’ ಈಗ ಫ್ಲೆಕ್ಸ್ ಬ್ಯಾನರಿನ ಕೊನೆಯ ಸಾಲಿಗೆ ಸೇರಿಹೋಗಿರುವುದರಿಂದ ಅದನ್ನು ದೇವರಿಗೆ ಹಚ್ಚುವ ಆಸೆ ಬೇಡ.) ವಿಭಕ್ತಿಯೂ ಅರ್ಥ ನಿರ್ಣಯಿಸುತ್ತದೆ: ‘ಶಿವನನ್ನು ಚಿಂತಿಸು’ ಎಂದರೆ ಧ್ಯಾನ, ‘ಸಾಲದ ಬಗ್ಗೆ ಚಿಂತಿಸು’ ಎಂದರೆ ಕೊರಗು, ‘ಮಗಳಿಗೋಸ್ಕರ ಚಿಂತಿಸು’ ಎಂದರೆ ಎರಡರ ನಡುವೆ. ‘ನಿಮಗೋಸ್ಕರ ಚಿಂತಿಸುತ್ತಾನೆ’ ಆ ನಡುವಿನ ಜಾಗದಲ್ಲಿ ನಿಂತಿದೆ. ಬಳಕೆ ಕೊರಗಿನ ಕಡೆಗೆ ಜಾರಿದ್ದರಿಂದ ವಾಕ್ಯವೂ ಜಾರಿತು. ‘ಯೋಚನೆ’ಗೂ ಇದೇ ಗತಿ: ಮೈಸೂರಿನ ಕಡೆ ‘ಯೋಚ್ನೆ ಮಾಡ್ಬೇಡಿ’ ಎಂದರೆ ತಲೆ ಓಡಿಸಬೇಡಿ ಅಂತಲ್ಲ. ಇಂಗ್ಲಿಷಿನ 1611ರ ಪಾಠದಲ್ಲೂ ಈ ವಚನದ ಎರಡೂ ಅರ್ಧಕ್ಕೆ ‘ಕೇರ್’ ಎಂಬ ಒಂದೇ ಪದ. ತಮಿಳರು ಮಾತ್ರ ಬೇರೆ ಮಾಡಿದ್ದಾರೆ: ಮೊದಲರ್ಧಕ್ಕೆ ‘ಕವಲೈ’, ಎರಡನೆಯದಕ್ಕೆ ‘ವಿಚಾರಿಸು’.

ಈಗ ನೀವು ಕೊಟ್ಟ ಮೂರು ಪದ.

‘ವಿಚಾರಿಸಿಕೊಳ್ಳುತ್ತಾನೆ’ ತಮಿಳಿನಲ್ಲಿ ಸರಿಹೋದಷ್ಟು ಕನ್ನಡದಲ್ಲಿ ಹೋಗದು. ‘ಬಂದವರನ್ನು ವಿಚಾರಿಸಿಕೊ’ ಎಂದರೆ ಉಪಚಾರ, ‘ನಿನ್ನನ್ನು ಆಮೇಲೆ ವಿಚಾರಿಸಿಕೊಳ್ತೀನಿ’ ಎಂದರೆ ಏಟು. ಕ್ಯಾಲೆಂಡರಿನಲ್ಲಿ ಧ್ವನಿ ಕೇಳಿಸುವುದಿಲ್ಲ, ಹಾಗಾಗಿ ಅಪಾಯ.

‘ನೋಡಿಕೊಳ್ಳುತ್ತಾನೆ’ಗೂ ಆ ಮುಳ್ಳು ಸ್ವಲ್ಪ ಇದೆ. ‘ದೇವರೇ ನೋಡ್ಕೋತಾನೆ’ ಎನ್ನುವುದು ನಮ್ಮಲ್ಲಿ ಅರ್ಧ ಭರವಸೆ, ಅರ್ಧ ಶಾಪ. ಆದರೆ ಇದಕ್ಕೆ ಬೇರೆ ಕಡೆ ಒಂದು ಚಂದದ ಹೊಂದಿಕೆಯಿದೆ. ಆದಿಕಾಂಡ 22ರಲ್ಲಿ ಮಗ ಇಸಾಕನು ಬಲಿಗೆ ಕುರಿಮರಿ ಎಲ್ಲಿ ಎಂದು ಕೇಳಿದಾಗ ಅಬ್ರಹಾಮ ಆಡುವ ಹೀಬ್ರೂ ಕ್ರಿಯಾಪದದ ಮೂಲಾರ್ಥ ‘ನೋಡು’. ದೇವರು ನೋಡುತ್ತಾನೆ, ಅಂದರೆ ಒದಗಿಸುತ್ತಾನೆ. ಆ ಸ್ಥಳಕ್ಕೆ ಅಬ್ರಹಾಮ ಇಟ್ಟ ‘ಯೆಹೋವ ಯೀರೆ’ (ಯೆಹೋವನು ಒದಗಿಸುವನು) ಎಂಬ ಹೆಸರು ಬಂದದ್ದೂ ಅದರಿಂದಲೇ. ‘ನೋಡು’ವಿಗೆ ‘ಕೊಳ್ಳು’ ಸೇರಿಸಿದ ಕೂಡಲೇ ಕನ್ನಡದಲ್ಲೂ ನೋಟ ಹೊಣೆಯಾಗುತ್ತದೆ. ಆ ಪಾಠ ಹೇಳುವಾಗ ಈ ಪದ ಬಿಡಬೇಡಿ.

‘ಕಾಳಜಿ ವಹಿಸುತ್ತಾನೆ’ ಸುತ್ತೋಲೆಯ ಭಾಷೆ, ‘ಅಧಿಕಾರಿಗಳು ಸೂಕ್ತ ಕಾಳಜಿ ವಹಿಸತಕ್ಕದ್ದು’ ಎಂಬಂತೆ. ಆದರೆ ‘ಕಾಳಜಿ’ಯನ್ನು ಕೈಬಿಡಬೇಕಾಗಿಲ್ಲ, ಕ್ರಿಯಾಪದ ಬದಲಿಸಿದರೆ ಸಾಕು. ಮರಾಠಿಯಿಂದ ಬಂದ ಈ ಪದಕ್ಕೆ ಅಲ್ಲೂ ಎರಡು ಮುಖ. ಧಾರವಾಡ, ಬೆಳಗಾವಿ ಕಡೆ ‘ಕಾಳಜಿ ಮಾಡಬ್ಯಾಡ್ರಿ’ ಎಂದರೆ ಚಿಂತಿಸಬೇಡಿ, ‘ಅವಗ ನಿಮ್ಮ ಕಾಳಜಿ ಐತಿ’ ಎಂದರೆ ಅಕ್ಕರೆ ಇದೆ. ‘ಮಾಡು’ ಸೇರಿದರೆ ಮೆರಿಮ್ನ, ‘ಇರು’ ಸೇರಿದರೆ ಮೆಲೇಯಿ!

ಪಾಠದ ಹಾಳೆಗೆ ನನ್ನ ಸಲಹೆ: ‘ನಿಮ್ಮ ಚಿಂತೆಯನ್ನೆಲ್ಲ ಆತನ ಮೇಲೆ ಹಾಕಿಬಿಡಿ, ಆತನಿಗೆ ನಿಮ್ಮ ಕಾಳಜಿಯಿದೆ.’ ಚತುರ್ಥಿ ಉಳಿಯಿತು, ಎರಡು ಪದ ಬೇರೆಯಾದವು. ‘ಚಿಂತೆಗಳನ್ನು’ ಎಂದು ಬಹುವಚನ ಮಾಡಬೇಡಿ. ಮೂಲದಲ್ಲಿ ಏಕವಚನವೇ ಇದೆ, ಇಡೀ ಗಂಟು ಒಂದೇ. ‘ಹಾಕು’ ಎಂಬಲ್ಲಿನ ಗ್ರೀಕ್ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ, ಲೂಕ 19:35ರಲ್ಲಿ ಬರುತ್ತದೆ. ಅಲ್ಲಿ ಶಿಷ್ಯರು ತಮ್ಮ ಬಟ್ಟೆಗಳನ್ನು ಕತ್ತೆಮರಿಯ ಬೆನ್ನ ಮೇಲೆ ಹಾಕುತ್ತಾರೆ. ಮಕ್ಕಳಿಗೆ ತೋರಿಸಲು ಆ ಚಿತ್ರ ಸಾಕು: ಹೊತ್ತದ್ದು ನಮ್ಮ ಮೈಯಿಂದ ಇನ್ನೊಂದು ಬೆನ್ನಿಗೆ ಹೋಯಿತು. ಮತ್ತೊಂದು ಮಾತು: ಗ್ರೀಕಿನಲ್ಲಿ 7ನೇ ವಚನ ಸ್ವತಂತ್ರ ವಾಕ್ಯವಲ್ಲ. 6ನೇ ವಚನದ ‘ತಗ್ಗಿಸಿಕೊಳ್ಳಿರಿ’ಗೆ ‘ಹಾಕಿ’ (ಹಾಕಿದವರಾಗಿ) ಎಂದು ಅಂಟಿಕೊಂಡ ಕೃದಂತ, ಅಂದರೆ ಅಪೂರ್ಣ ಕ್ರಿಯಾರೂಪ. ಅರ್ಧ ವಚನ ಕತ್ತರಿಸಿ ಅಚ್ಚುಹಾಕುವ ಕ್ಯಾಲೆಂಡರಿನವರು ಕಳೆದುಕೊಳ್ಳುವುದು ಈ ಕೊಂಡಿಯನ್ನು.

ಮರುಪ್ರಶ್ನೆ:

ಧನ್ಯವಾದ. ‘ಸಲಹು’, ‘ಪರಾಂಬರಿಸು’, ‘ಆರೈಕೆ’ಗಳ ಬಗ್ಗೆಯೂ ಹೇಳಿ. ಹಾಗೆಯೇ ಕೃಪೆ, ಕರುಣೆ, ದಯೆ, ಕನಿಕರ – ಬೈಬಲಿನಲ್ಲಿ ಇವು ಒಂದರ ಬದಲು ಒಂದು ಬರಬಹುದೇ?

ಇನ್ನೊಬ್ಬರ ಉತ್ತರ:

‘ಆರೈಕೆ’ ಮೈಗೆ ಸಂಬಂಧಪಟ್ಟದ್ದು. ಬಾಣಂತಿಗೆ, ರೋಗಿಗೆ, ಪೈರಿಗೆ. ಲೂಕ 10:34ರಲ್ಲಿ ಸಮಾರ್ಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿ, ಛತ್ರಕ್ಕೆ ಒಯ್ದು ಮಾಡಿದ್ದು ಆರೈಕೆಯೇ. ಅಲ್ಲಿನ ಗ್ರೀಕ್ ಪದ ‘ಮೆಲೇಯಿ’ಯದೇ ಬಳ್ಳಿ. ‘ಪರಾಂಬರಿಸು’ (ಗಮನವಿಟ್ಟು ವಿಚಾರಿಸಿಕೊಳ್ಳು) ಕೀರ್ತನೆ 41:1ರಲ್ಲಿ ದಿಕ್ಕಿಲ್ಲದವನ ಬಗ್ಗೆ ಬರುವ ಘನವಾದ ಪದ, ಆದರೆ ಚರ್ಚಿನ ಹೊರಗೆ ಈಗ ಅದರ ಓಡಾಟ ಕಡಿಮೆ.

‘ಸಲಹು’ ಬೇಕಾದದ್ದು ಪೇತ್ರನಿಗಲ್ಲ, ಪೇತ್ರ ನೆನೆಯುತ್ತಿರುವ ಕೀರ್ತನೆ 55:22ಕ್ಕೆ. ಅಲ್ಲಿನ ಮಾತು: ನಿನ್ನ ಭಾರವನ್ನು ಯೆಹೋವನ ಮೇಲೆ ಹಾಕು, ಆತನು ನಿನ್ನನ್ನು ಸಲಹುವನು. ಹಳೆಯ ಪಾಠದ ‘ಚಿಂತಾಭಾರ’ ಅಲ್ಲಿಯದು. ಆ ‘ಭಾರ’ದ ಜಾಗದ ಹೀಬ್ರೂ ಪದ ಇಡೀ ಹಳೆಯ ಒಡಂಬಡಿಕೆಯಲ್ಲಿ ಅದೊಂದೇ ಕಡೆ ಬರುತ್ತದೆ. ಅದನ್ನು ‘ಮೆರಿಮ್ನ’ ಎಂದು ಮಾಡಿದ್ದು ಹಳೆಯ ಒಡಂಬಡಿಕೆಯನ್ನು ಹೀಬ್ರೂವಿನಿಂದ ಗ್ರೀಕಿಗೆ ತಂದ ಅನುವಾದಕರು. ಎರಡನೆಯ ಅರ್ಧದ ಕ್ರಿಯಾಪದವಾದರೋ ಉಣಿಸಿ ಸಾಕುವುದು. ಯೋಸೇಫ ಬರಗಾಲದಲ್ಲಿ ತಂದೆಗೂ ಆಮೇಲೆ ಅಣ್ಣತಮ್ಮಂದಿರಿಗೂ ‘ನಾನು ನಿಮ್ಮನ್ನು ಸಾಕುತ್ತೇನೆ’ ಎಂದದ್ದು (ಆದಿಕಾಂಡ 45:11, 50:21) ಇದೇ ಪದದಿಂದ. ಚಿಂತೆಗೆ ಎದುರಾಗಿ ಅನ್ನ ಇಟ್ಟಂತೆ. ‘ಸಲಹು’ವಿನಲ್ಲಿ ಅನ್ನವೂ ರಕ್ಷಣೆಯೂ ಸೇರಿವೆ. ಕನಕದಾಸರು ‘ತಲ್ಲಣಿಸದಿರು’ ಎಂದು ಮನಸ್ಸಿಗೆ ಹೇಳಿ ಕಾರಣವಾಗಿ ‘ಎಲ್ಲರನು ಸಲಹುವನು’ ಎಂದಾಗ ಕನ್ನಡಕ್ಕೆ ಈ ಜೋಡಿ ಸಿಕ್ಕಾಗಿತ್ತು. ‘ಮೆರಿಮ್ನ’ಕ್ಕೆ ‘ತಲ್ಲಣ’ಕ್ಕಿಂತ ಒಳ್ಳೆಯ ಕನ್ನಡ ನನಗೆ ಕಾಣದು.

ಇನ್ನು ಕೃಪೆ, ಕರುಣೆ. ಇವನ್ನು ಅದಲುಬದಲು ಮಾಡಿದರೆ 1 ತಿಮೊಥೆಯ 1:2ರಲ್ಲಿ ಸಿಕ್ಕಿಬೀಳುತ್ತೀರಿ. ಅಲ್ಲಿ ಪೌಲ ಕೃಪೆ, ಕರುಣೆ, ಶಾಂತಿ ಮೂರನ್ನೂ ಸಾಲಾಗಿ ಹಾರೈಸುತ್ತಾನೆ. ಹೊಸ ಒಡಂಬಡಿಕೆಯಲ್ಲಿ ಕೃಪೆ ಎಂದರೆ ‘ಖಾರಿಸ್’, ಯೋಗ್ಯತೆ ನೋಡದೆ ಕೊಟ್ಟ ಕೊಡುಗೆ. ಕರುಣೆ ಎಂದರೆ ‘ಎಲೆಯೊಸ್’, ಸಂಕಟದಲ್ಲಿದ್ದವರ ಕಡೆಗೆ ಚಾಚಿದ ಕೈ. ಕಥೋಲಿಕರು ಮೊದಲನೆಯದಕ್ಕೆ ‘ವರಪ್ರಸಾದ’ ಎನ್ನುತ್ತಾರೆ. ‘ನಮೋ ಮರಿಯ’ ಪ್ರಾರ್ಥನೆಯ ‘ವರಪ್ರಸಾದ ಪೂರ್ಣೆ’ಯಿಂದ ಅದು ಎಲ್ಲರಿಗೂ ಪರಿಚಿತ. ಅವರ ಪೂಜೆಯ ‘ಪ್ರಭುವೇ ದಯೆತೋರಿ’ಯಲ್ಲಿರುವುದು ಎರಡನೆಯದು.

ಕೃಪೆ ವಿವರಿಸುವವರು ಪರೀಕ್ಷೆಯ ‘ಕೃಪಾಂಕ’ದ ಉದಾಹರಣೆ ಕೊಡುತ್ತಾರೆ. ಅರ್ಧ ದಾರಿ ಮಾತ್ರ ಸರಿ. 35 ಬೇಕಾದಲ್ಲಿ 32 ತೆಗೆದವನಿಗೆ 3 ಅಂಕ ಸೇರಿಸುವುದು ಕೃಪಾಂಕ. ಗಡಿಯ ಹತ್ತಿರ ಬಂದವನಿಗೆ ಮಾತ್ರ ಅದು. ರೋಮ 5:6–8ರಲ್ಲಿ ಪೌಲ ಹೇಳುವುದು ಸೊನ್ನೆ ತೆಗೆದವನ ಕಥೆ.

ನಿಜವಾದ ತೊಡಕು ಹಳೆಯ ಒಡಂಬಡಿಕೆಯಲ್ಲಿದೆ. ಹೀಬ್ರೂವಿನ ‘ಹೆಸೆದ್’ ಸುಮಾರು 245 ಸಲ ಬರುತ್ತದೆ, ಅರ್ಧದಷ್ಟು ಕೀರ್ತನೆಗಳಲ್ಲೇ. 136ನೇ ಕೀರ್ತನೆಯ 26 ವಚನಗಳಿಗೂ ಅದೇ ಪಲ್ಲವಿ. ಕನ್ನಡದಲ್ಲಿ ಅದಕ್ಕೂ ‘ಕೃಪೆ’ ಎಂದೇ ಹಾಕಿದ್ದಾರೆ. ಆದರೆ ಹೆಸೆದ್ ಎಂದರೆ ಸಂಬಂಧ ಕಟ್ಟಿಕೊಂಡವರು ಕೈಬಿಡದ ನಿಷ್ಠೆ. ದಾವೀದ–ಯೋನಾತಾನರ ನಡುವೆ, ರೂತಳು ಅತ್ತೆಯ ಮನೆತನಕ್ಕೆ ತೋರಿದ್ದರಲ್ಲಿ ಇರುವುದು ಅದು. ಗ್ರೀಕ್ ಅನುವಾದಕರು ಇದಕ್ಕೆ ಹೆಚ್ಚಾಗಿ ‘ಎಲೆಯೊಸ್’ ಬಳಸಿದರು, ‘ಖಾರಿಸ್’ ಅಲ್ಲ. ಹೋಶೇಯ 6:6ನ್ನು ಯೇಸು ಉದ್ಧರಿಸುವಾಗ (ಮತ್ತಾಯ 9:13) ಬರುವುದೂ ‘ಎಲೆಯೊಸ್’. ಮೊಬೈಲಿನಲ್ಲಿ ‘ಕೃಪೆ’ ಎಂದು ಹುಡುಕಿ ಸಿಕ್ಕ ವಚನಗಳನ್ನೆಲ್ಲ ಒಂದೇ ಪ್ರಸಂಗಕ್ಕೆ ಪೋಣಿಸುವವರು ಎಡವುವುದು ಇಲ್ಲಿ. ದಾವೀದನ ಕೃಪೆ ಮಾತಿಗೆ ನಿಂತದ್ದು, ಪೌಲನ ಕೃಪೆ ಲೆಕ್ಕ ಮೀರಿ ಕೊಟ್ಟದ್ದು.

‘ಕನಿಕರ’ಕ್ಕೆ ಈಗ ಮೇಲಿನಿಂದ ಕೆಳಗೆ ನೋಡುವ ವಾಸನೆ ಹತ್ತಿದೆ, ‘ನನ್ನನ್ನು ಕನಿಕರದಿಂದ ನೋಡಬೇಡಿ’ ಎನ್ನುತ್ತೇವೆ. ‘ದಯೆ’ ‘ದಯವಿಟ್ಟು’ ಆಗಿ ಸವೆದಿದೆ. ‘ಅನುಕಂಪ’ ಜೊತೆಗೆ ಕಂಪಿಸುವುದೆಂಬ ಒಳ್ಳೆಯ ಅರ್ಥದ್ದು, ಅದನ್ನು ಸರ್ಕಾರಿ ನೇಮಕಾತಿ ಎಳೆದುಕೊಂಡಿತು. ಯೇಸು ಜನರನ್ನು ಕಂಡು ‘ಕನಿಕರಪಟ್ಟನು’ ಎಂಬಲ್ಲಿ ಗ್ರೀಕ್ ಕ್ರಿಯಾಪದ ಹುಟ್ಟಿದ್ದು ಕರುಳು ಎಂಬ ನಾಮಪದದಿಂದ. ಮೊದಲ ಮೂರು ಸುವಾರ್ತೆಗಳಲ್ಲಿ 12 ಸಲ ಬರುತ್ತದೆ, ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲೂ ಇಲ್ಲ. ಹೀಬ್ರೂವಿನ ‘ರಹಮೀಮ್’ ಇನ್ನೂ ಒಳಗಿನದು, ಗರ್ಭ ಎಂಬ ಪದದ ಬಂಧು. ‘ಹೆತ್ತ ಕರುಳು’ ಎಂಬ ಕನ್ನಡದ ಎರಡು ಪದಗಳಲ್ಲಿ ಎರಡೂ ಸೇರಿವೆ. ಲೂಕ 15:20ರಲ್ಲಿ ದೂರದಿಂದ ಬರುವ ಮಗನನ್ನು ತಂದೆ ಕಂಡಾಗ ‘ಕರುಳು ಚುರ್ ಎಂದಿತು’ ಎನ್ನಲು ಅಚ್ಚಿನಲ್ಲಿ ಹಿಂಜರಿಕೆಯಾದರೆ ಓದಿ ಹೇಳುವಾಗಲಾದರೂ ಹೇಳಿ.

ಕೊನೆಗೆ ಕೀರ್ತನೆ 23:6. ಶುಭವೂ ಕೃಪೆಯೂ ‘ಹಿಂಬಾಲಿಸುವವು’ ಎಂಬಲ್ಲಿ ಕೃಪೆ ಮತ್ತೆ ಹೆಸೆದ್. ಕ್ರಿಯಾಪದ ಮಾತ್ರ ಸಪ್ಪೆಯಾಗಿದೆ. ಹೀಬ್ರೂವಿನಲ್ಲಿರುವುದು ಬೆನ್ನಟ್ಟುವ ಪದ, ವಿಮೋಚನಕಾಂಡ 14ರಲ್ಲಿ ಫರೋಹನ ರಥಗಳು ಇಸ್ರಾಯೇಲ್ಯರ ಹಿಂದೆ ಬಿದ್ದಾಗ ಬಳಸಿದ್ದೇ. ಅದರ ಹಿಂದಿನ ವಚನದಲ್ಲಿ ವೈರಿಗಳು ಕೂತು ನೋಡುತ್ತಿದ್ದಾರೆ, ಇಲ್ಲಿ ಬೆನ್ನಟ್ಟಿ ಬರುವುದು ಅವರಲ್ಲ, ಹೆಸೆದ್. ‘ಬೆನ್ನಟ್ಟಿ ಬರುವವು’ ಎಂದೇ ಹಾಕಿ.