ಪದ್ಮಿನಿ ಬಂಪರ್ ಗಾರ್ಡ್‌ಗೆ ಹಾಕಿದ ತಾಮ್ರ ಎದ್ದು ಬರ್ತಿದೆ, ಕ್ರೋಮ್‌ವರೆಗೆ ಹೋಗೋದು ಹೇಗೆ?

ತೋಟದಮನೆ ಫಿಯಟ್:
ಎಲ್ರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ರ ನಮ್ಮನೆ. ಅಪ್ಪಯ್ಯನ ಪ್ರೀಮಿಯರ್ ಪದ್ಮಿನಿ ಕಾರು ರೆಡಿ ಮಾಡ್ತಾ ಇದೀನಿ, ಎಂಜಿನ್ ಮುಗೀತು, ಟಿಂಕರಿಂಗೂ ಮುಗೀತಾ ಬಂತು, ಈಗ ಕ್ರೋಮ್ ಐಟಂಗಳದ್ದೇ ತಲೆನೋವು. ಬಂಪರ್ ಮೇಲೆ ನಿಲ್ಲೋ ಗಾರ್ಡ್ ಎರಡರಲ್ಲೂ ತುಕ್ಕು ತಿಂದು ಸಣ್ಣ ಸಣ್ಣ ಗುಳಿ ಬಿದ್ದಿತ್ತು, ಹಳೇ ಪ್ಲೇಟಿಂಗ್ ತೆಗೆದು ಎಮರಿ ಪೇಪರ್ ಹೊಡೆದು ಸೋಪಿನ ಪುಡೀಲಿ ತೊಳೆದೆ. ತಾಮ್ರ ಹಾಕಿದ್ರೆ ಗುಳಿ ತುಂಬುತ್ತೆ ಅಂತ ಓದಿದ್ದೆ, ಕೊಳೆ ಔಷಧಿಗೆ ಅಂತ ತಂದ ಮೈಲುತುತ್ತ (ಕಾಪರ್ ಸಲ್ಫೇಟ್) ಮನೇಲೇ ಇತ್ತು, ಅದನ್ನ ನೀರಲ್ಲಿ ಕರಗಿಸಿ ಸ್ವಲ್ಪ ಬ್ಯಾಟರಿ ಆಸಿಡ್ ಸೇರಿಸಿ ತಾಮ್ರದ ಪಟ್ಟಿ ಪಾಸಿಟಿವ್‌ಗೆ, ಗಾರ್ಡ್ ನೆಗೆಟಿವ್‌ಗೆ ಕೊಟ್ಟು ಬ್ಯಾಟರಿ ಚಾರ್ಜರ್ ಹಾಕಿದೆ. ಬಣ್ಣ ಚೆನ್ನಾಗೇ ಬಂತು. ಆದ್ರೆ ಬಟ್ಟೇಲಿ ಒರೆಸಿದ್ರೆ ಕೆಂಪು ಪುಡಿ, ದಪ್ಪ ಕೂತ ಕಡೆ ಉಗುರು ಹಾಕಿದ್ರೆ ಹಾಳೆ ಥರ ಎದ್ದು ಬರುತ್ತೆ. ಎಣ್ಣೆ ಜಿಡ್ಡು ಉಳಿದಿರಬಹುದಾ? ಚಾರ್ಜರ್ ಸಾಲ್ತಿಲ್ವಾ?

ಹಳೇ ಬಫಿಂಗ್:
ಮಾರಾಯ್ರೆ ಒಂದು ವಿಷಯ ಹೇಳಿ, ಗಾರ್ಡ್ ನೀರಿಗೆ ಇಳಿಸಿದ ತಕ್ಷಣ, ಚಾರ್ಜರ್ ಆನ್ ಮಾಡೋ ಮುಂಚೆನೇ ಕೆಂಪಾಯ್ತಾ?

ತೋಟದಮನೆ ಫಿಯಟ್:
ಹೌದು ಸರ್, ಮುಳುಗಿಸಿದ ಕೂಡ್ಲೇ. ಚೆನ್ನಾಗಿ ಹಿಡೀತಿದೆ ಅಂದ್ಕೊಂಡೆ.

ಹಳೇ ಬಫಿಂಗ್:
ಅಲ್ಲೇ ಇರೋದು ಸಮಸ್ಯೆ, ಚಾರ್ಜರ್‌ದಲ್ಲ. ಮೈಲುತುತ್ತದ ನೀರಿಗೆ ಕಬ್ಬಿಣ ಇಳಿಸಿದ್ರೆ ಕಬ್ಬಿಣ ತಾನು ಕರಗಿ ತಾಮ್ರನ ಹೊರಗೆ ತಳ್ಳುತ್ತೆ, ಕರೆಂಟೇ ಬೇಡ. ಆ ತಾಮ್ರ ಪುಡಿಪುಡಿಯಾಗಿ ಕೂರುತ್ತೆ, ಉಕ್ಕಿಗೆ ಹಿಡಿಯಲ್ಲ. ಅದರ ಮೇಲೆ ಕರೆಂಟ್ ಕೊಟ್ಟು ಎಷ್ಟೇ ದಪ್ಪ ಹಾಕಿದ್ರೂ ಕೆಳಗಿನ ಪುಡಿ ಸಮೇತ ಎದ್ದು ಬರುತ್ತೆ. ಪ್ಲೇಟಿಂಗ್ ಶಾಪ್‌ನೋರು ಇದಕ್ಕೆ ಮೊದಲು ಸೈನೈಡ್ ಕಾಪರ್, ಅಂದ್ರೆ ಸೈನೈಡ್ ವಿಷ ಇರೋ ದ್ರಾವಣದಿಂದ ತಾಮ್ರ, ಹಾಕ್ತಾರೆ, ಅದು ಮನೇಲಿ ಯೋಚನೇನೂ ಮಾಡ್ಬೇಡಿ. ನಮ್ಮಂಥೋರಿಗೆ ದಾರಿ ಅಂದ್ರೆ ಮೊದಲು ತೆಳ್ಳಗೆ ನಿಕ್ಕಲ್, ಅದರ ಮೇಲೆ ತಾಮ್ರ.

ಈಗಿರೋ ತಾಮ್ರ ಪೂರ್ತಿ ಉಜ್ಜಿ ತೆಗೀರಿ. ಜಿಡ್ಡು ಹೋಗಿದೆಯಾ ನೋಡೋಕೆ ಗಾರ್ಡ್ ಮೇಲೆ ನೀರು ಸುರೀರಿ, ನೀರು ಒಂದೇ ಪದರವಾಗಿ ನಿಂತ್ರೆ ಸರಿ, ಎಲ್ಲಾದ್ರೂ ಒಡೆದು ಹನಿಹನಿಯಾಗಿ ಸರಿದ್ರೆ ಅಲ್ಲಿ ಜಿಡ್ಡಿದೆ ಅಂತ, ಮತ್ತೆ ತೊಳೀರಿ, ಆಮೇಲೆ ಬರಿಗೈಲಿ ಮುಟ್ಟಂಗಿಲ್ಲ. ಡೈಲ್ಯೂಟ್ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಒಂದು ಸಲ ಅದ್ದಿ ತೊಳೆದು ಒಣಗೋಕೆ ಬಿಡದೆ ನಿಕ್ಕಲ್ ಬಾತ್‌ಗೆ, ಅಂದ್ರೆ ನಿಕ್ಕಲ್ ಹಾಕೋ ದ್ರಾವಣಕ್ಕೆ, ಇಳಿಸಿ.

ನಿಕ್ಕಲ್ ಬಾತ್ ಲೆಕ್ಕ: ಲೀಟರ್‌ಗೆ ನಿಕ್ಕಲ್ ಸಲ್ಫೇಟ್ 250 ಗ್ರಾಂ, ನಿಕ್ಕಲ್ ಕ್ಲೋರೈಡ್ 45 ಗ್ರಾಂ, ಬೋರಿಕ್ ಆಸಿಡ್ 35 ಗ್ರಾಂ, ಪಿಎಚ್ 4ರ ಆಸುಪಾಸು, ಬಿಸಿ 50ರಿಂದ 55 ಡಿಗ್ರಿ. ಪಾಸಿಟಿವ್‌ಗೆ ನಿಕ್ಕಲ್ ಪಟ್ಟಿನೇ ಹಾಕಿ. ಸ್ಟೀಲ್ ಚಮಚ ಗಿಮಚ ಹಾಕ್ಬೇಡಿ, ಸ್ಟೇನ್‌ಲೆಸ್‌ನಲ್ಲಿರೋ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತೆ. ಕರೆಂಟ್ ಒಂದು ಚದರ ಡೆಸಿಮೀಟರ್‌ಗೆ, ಅಂದ್ರೆ 10 ಸೆಂಮೀ ಉದ್ದ 10 ಸೆಂಮೀ ಅಗಲದ ಜಾಗಕ್ಕೆ, 2ರಿಂದ 3 ಆಂಪ್ಸ್. 3 ಆಂಪ್ಸ್ ಕೊಟ್ರೆ ಗಂಟೆಗೆ ಸುಮಾರು 35 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಕೂರುತ್ತೆ, ನಿಮಗೆ 10 ಮೈಕ್ರಾನ್ ಸಾಕು. ಚಾರ್ಜರ್‌ಗಿಂತ ಆಂಪ್ಸ್ ಸೆಟ್ ಮಾಡೋಕಾಗೋ ಪವರ್ ಸಪ್ಲೈ ವಾಸಿ.

ಗಾರ್ಡ್ ಹಿಂಭಾಗ ಟೊಳ್ಳಲ್ವಾ, ಆ ಒಳಮೂಲೆಗೆ ನಿಕ್ಕಲ್ ಹೋಗಲ್ಲ. ಹಾಗೇ ತಾಮ್ರಕ್ಕೆ ಇಳಿಸಿದ್ರೆ ಅಲ್ಲಿ ಮತ್ತೆ ಅದೇ ಕೆಂಪು ಪುಡಿ, ಬಾತ್ ಕೂಡ ಹಾಳು. ಒಳಗೆ ಮೊದಲೇ ಲ್ಯಾಕರ್ ಬಳೀರಿ. ಮತ್ತೆ ಔಷಧಿಯ ಮೈಲುತುತ್ತದಲ್ಲಿ ಕಬ್ಬಿಣ, ಇನ್ನೇನೇನೋ ಕಲ್ಮಶ ಇರುತ್ತೆ, ಲ್ಯಾಬ್ ಗ್ರೇಡ್ ಕಾಪರ್ ಸಲ್ಫೇಟ್ ತರಿಸಿ.

ಜಾವಾ ಮೈಸೂರು:
ಅಣ್ಣ ಕ್ರೋಮಿಕ್ ಆಸಿಡ್ ಆನ್‌ಲೈನಲ್ಲಿ ಸಿಗುತ್ತಲ್ಲ, ಕೊನೇ ಕ್ರೋಮ್ ಲೇಯರನ್ನೂ ಮನೇಲೇ ಹಾಕಿದ್ರೆ ಏನಾಗುತ್ತೆ? ನನ್ನ ಯೆಜ್ಡಿ ಸೈಲೆನ್ಸರ್‌ಗೂ ಬೇಕಿತ್ತು.

ಹಳೇ ಬಫಿಂಗ್:
ದಯವಿಟ್ಟು ಬೇಡ ತಮ್ಮಾ. ಆ ಬಾತ್‌ನಿಂದ ಗ್ಯಾಸ್ ಎದ್ದಾಗ ಮಂಜಿನ ಥರ ಹನಿ ಹಾರುತ್ತೆ, ಅದು ಉಸಿರಿಗೆ ಹೋದ್ರೆ ಶ್ವಾಸಕೋಶದ ಕ್ಯಾನ್ಸರ್ ತರೋ ವಸ್ತು, ಮೂಗಿನ ಒಳಗೋಡೆನೇ ತೂತು ಬೀಳುತ್ತೆ. ಎಕ್ಸಾಸ್ಟ್, ನೀರು ಶುದ್ಧ ಮಾಡೋ ವ್ಯವಸ್ಥೆ ಇಲ್ಲದ ಕಡೆ ಮಾಡೋ ಕೆಲಸ ಅಲ್ಲ. ಟ್ರೈವೇಲೆಂಟ್ ಕ್ರೋಮ್ ಅಂತ ಕಡಿಮೆ ಅಪಾಯದ ಬೇರೆ ಥರದ ಬಾತ್ ಇದೆ, ಆದ್ರೆ ಬಣ್ಣ ಒಂಚೂರು ಕಪ್ಪಾಗಿ ಬರುತ್ತೆ, ಹಳೇ ಗಾಡಿಯ ಆ ನೀಲಿ ಹೊಳಪು ಬರಲ್ಲ.

ನಿಜ ಹೇಳ್ಬೇಕಂದ್ರೆ ಕ್ರೋಮ್ ಅರ್ಧ ಮೈಕ್ರಾನೂ ಇರಲ್ಲ. ಕನ್ನಡಿ ಥರ ಕಾಣೋದು ಕೆಳಗಿನ ನಿಕ್ಕಲ್, ಅದರ ಕೆಳಗಿನ ಬಫಿಂಗ್. ಹಾಗಾಗಿ ಗುಳಿ ತುಂಬೋ ತಾಮ್ರದವರೆಗೂ ಮನೇಲಿ ತಾಳ್ಮೆಯಿಂದ ಮಾಡಿ, ತಾಮ್ರ ಹಾಕಿ ಉಜ್ಜಿ, ಗುಳಿ ಕಂಡ್ರೆ ಮತ್ತೆ ಹಾಕಿ ಉಜ್ಜಿ, ಕೊನೆಗೆ ಬಫ್ ಹೊಡೆದು ಶಾಪ್‌ಗೆ ಕೊಡಿ. ಮೇಲಿನ ನಿಕ್ಕಲ್ಲೂ ಅವರೇ ಹಾಕ್ಲಿ, ಯಾಕಂದ್ರೆ ನಿಕ್ಕಲ್ ಗಾಳೀಲಿ ಇದ್ರೆ ಮೇಲ್ಮೈ ಮಂದ ಆಗಿ ಆಮೇಲೆ ಹಾಕಿದ ಕ್ರೋಮ್ ಹಾಲಿನ ಬಣ್ಣ ಬರಬಹುದು, ಎದ್ದೂ ಬರಬಹುದು. ನಿಕ್ಕಲ್ಲಿಂದ ನೇರ ಕ್ರೋಮ್‌ಗೆ ಹೋಗ್ಬೇಕು.

ತೋಟದಮನೆ ಫಿಯಟ್:
ತುಂಬಾ ಉಪಕಾರ ಆಯ್ತು ಸರ್. ಹಾಗಾದ್ರೆ ಪೂರ್ತಿ ಬಂಪರೂ, ಡೋರ್ ಹ್ಯಾಂಡಲ್ಲೂ ಹೀಗೇ ಮಾಡ್ಬಹುದಾ? ಉಳಿದ ನೀರು ಏನ್ಮಾಡ್ಲಿ?

ಹಳೇ ಬಫಿಂಗ್:
ಬಂಪರ್ ಬೇಡ. ಒಂದೂವರೆ ಮೀಟರ್ ಉದ್ದ, 15 ಸೆಂಮೀ ಅಗಲ ಅಂದ್ರೂ ಎರಡೂ ಕಡೆ ಸೇರಿ 45 ಚದರ ಡೆಸಿಮೀಟರ್, 3 ಆಂಪ್ಸ್ ಲೆಕ್ಕಕ್ಕೆ 135 ಆಂಪ್ಸ್, ಮನೇಲಿ ಎಲ್ಲಿಂದ ತರ್ತೀರಿ? ಬೆಂಗಳೂರಿನ ಪೀಣ್ಯ ಕಡೆ ದೊಡ್ಡ ಟ್ಯಾಂಕ್ ಇರೋ ಶಾಪ್ ವಿಚಾರಿಸಿ, ಮನೇಲಿ ತಾಮ್ರ ಹಾಕಿದ ಗಾರ್ಡ್ ತಗೋತಾರಾ ಅಂತನೂ ಕೇಳ್ಕೊಳ್ಳಿ, ಕೆಲವರು ಒಪ್ಪಲ್ಲ. ಹ್ಯಾಂಡಲ್‌ಗೆ ಮ್ಯಾಗ್ನೆಟ್ ಹಿಡಿದು ನೋಡಿ, ಅಂಟದೆ ಭಾರವಾಗಿದ್ರೆ ಮಜಾಕ್ ಇರಬಹುದು, ಅದು ಸತುವಿನದ್ದು, ಆಸಿಡ್ ತಾಗಿದ್ರೆ ಕರಗುತ್ತೆ, ಅದನ್ನ ಶಾಪ್‌ಗೇ ಕೊಡಿ.

ನೀರಂತೂ ತೋಟಕ್ಕೂ ಚರಂಡಿಗೂ ಬಿಡ್ಬೇಡಿ. ಬಾವಿ ಇರೋ ಮನೆ ನಿಮ್ದು, ನಿಕ್ಕಲ್ ಅಂತೂ ಮಣ್ಣಿಗೆ ಹೋಗ್ಲೇಬಾರ್ದು. ಬಾತ್ ಸೋಸಿ ಮುಚ್ಚಳದ ಕ್ಯಾನ್‌ಗೆ ತುಂಬಿ ಹೆಸರು ಬರೆದು ಮಕ್ಕಳ ಕೈಗೆ ಸಿಗದಂಗಿಡಿ, ಮತ್ತೆ ಬಳಸ್ಬಹುದು, ತೊಳೆದ ನೀರೂ ಬೇರೆ ಕ್ಯಾನ್‌ನಲ್ಲಿಟ್ಟು ಶಾಪ್‌ಗೆ ಹೋದಾಗ ಅವರ ಟ್ರೀಟ್‌ಮೆಂಟ್‌ಗೆ ತಗೋತಾರಾ ಕೇಳಿ. ಮತ್ತೆ ಬಂಪರ್ ಕೊಡೋ ಮುಂಚೆ ಬೋಲ್ಟ್ ತೂತುಗಳ ಫೋಟೋ, ಅಳತೆ ತೆಗೆದಿಟ್ಕೊಳ್ಳಿ, ಬಫಿಂಗ್‌ನಲ್ಲಿ ಅಂಚು ಸವೆದು ತೂತು ಉದ್ದ ಆಗಿರುತ್ತೆ, ಆಮೇಲೆ ಬಂಪರ್ ಓರೆ ಕೂರುತ್ತೆ.