ಉದ್ಯಮಿಗಳ ಸಂಘ ಕೇಳುವ ಸುಂಕ, ತೆರಿಗೆ ರಜೆ, ಪರವಾನಗಿ ತಡೆ: ದೇಶದ ಬೆಳವಣಿಗೆಗೆ ಯಾವುದು ನೆರವು, ಯಾವುದು ಅಡ್ಡಿ?

ನೀತಿ_ಓದುಗ (ಪ್ರಶ್ನೆ)

ಅಭಿವೃದ್ಧಿಶೀಲ ದೇಶಗಳಲ್ಲಿ ಉದ್ಯಮಿಗಳು ಸರ್ಕಾರದ ಮುಂದಿಡುವ ಬೇಡಿಕೆಗಳನ್ನು ಹೇಗೆ ತೂಗಿ ನೋಡಬೇಕು ಎಂಬ ಬಗ್ಗೆ ಟಿಪ್ಪಣಿಯೊಂದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ಒಂದು ಪಾದರಕ್ಷೆ ತಯಾರಕರ ಸಂಘವನ್ನು ಕಲ್ಪಿಸಿಕೊಂಡಿದ್ದೇನೆ. ಅದರ ಬೇಡಿಕೆ ಮೂರು. ಆಮದಾಗುವ ಪಾದರಕ್ಷೆಗೆ ಶೇ 30 ಸುಂಕ ಇರಬೇಕು, ಆದರೆ ತೊಗಲು, ಅಟ್ಟೆ, ಅಂಟು, ಬಕಲ್‌ನಂಥ ಒಳಸಾಮಗ್ರಿಗೆ ಶೇ 10 ಸಾಕು. ಹೊಸ ಘಟಕಗಳಿಗೆ 10 ವರ್ಷ ತೆರಿಗೆ ರಜೆ ಕೊಡಬೇಕು. ಈಗಾಗಲೇ ಉತ್ಪಾದನಾ ಸಾಮರ್ಥ್ಯ ಬೇಡಿಕೆಗಿಂತ ಹೆಚ್ಚಿರುವುದರಿಂದ ಐದು ವರ್ಷ ಹೊಸ ಪರವಾನಗಿ ಕೊಡಬಾರದು.

ಮೂರಕ್ಕೂ ಸಂಘ ಕೊಡುವ ಕಾರಣ ಉದ್ಯೋಗ ಸೃಷ್ಟಿ. ಮೂರನೆಯದಕ್ಕೆ ಖಜಾನೆಯಿಂದ ಒಂದು ಪೈಸೆಯೂ ಹೋಗದ ಕಾರಣ ಅದನ್ನು ಒಪ್ಪಿ, ಮೊದಲೆರಡರಲ್ಲಿ ಚೌಕಾಸಿ ಮಾಡಬಹುದು ಎಂಬುದು ನನ್ನ ಮೊದಲ ಅಂದಾಜು. ತಿಳಿದವರು ತಿದ್ದಬೇಕು.

ಸುಂಕ_ಲೆಕ್ಕ

ಮೊದಲು ಸುಂಕದ ಲೆಕ್ಕ ನೋಡಿ. ಶೇ 30 ಎಂಬುದು ಕಾಗದದ ಮೇಲಿನ ದರ. ತಯಾರಕರಿಗೆ ಸಿಗುವ ರಕ್ಷಣೆ ಅದಕ್ಕಿಂತ ಬೇರೆ.

ಅಂತಾರಾಷ್ಟ್ರೀಯ ಬೆಲೆಯಲ್ಲಿ ಒಂದು ಜೊತೆ 100, ಅದಕ್ಕೆ ಬೇಕಾದ ಒಳಸಾಮಗ್ರಿ 60 ಎಂದಿಟ್ಟುಕೊಳ್ಳಿ. ಕಾರ್ಖಾನೆಯ ಮೌಲ್ಯವರ್ಧನೆ 40. ಸುಂಕ ಬಂದ ಮೇಲೆ ಜೊತೆಯ ಬೆಲೆ 130ರವರೆಗೆ ಏರಬಹುದು, ಒಳಸಾಮಗ್ರಿ 66 ಆಗುತ್ತದೆ. ಉಳಿದದ್ದು 64. ಅಂದರೆ 40ರ ಕೆಲಸಕ್ಕೆ 64 ಸಿಗುತ್ತಿದೆ, ನಿಜವಾದ ರಕ್ಷಣೆ ಶೇ 60. ಒಳಸಾಮಗ್ರಿ 80 ಇರುವ, ಬರೀ ಜೋಡಿಸಿ ಕೊಡುವ ಘಟಕವನ್ನು ತೆಗೆದುಕೊಳ್ಳಿ: ಮೌಲ್ಯವರ್ಧನೆ 20 ಇದ್ದದ್ದು 42 ಆಗುತ್ತದೆ, ರಕ್ಷಣೆ ಶೇ 110. ಇಲ್ಲಿ ಕೆಲಸ ಕಡಿಮೆ ಮಾಡಿದವರಿಗೇ ರಕ್ಷಣೆ ಹೆಚ್ಚು. ಅಟ್ಟೆಯನ್ನು ಇಲ್ಲೇ ಅಚ್ಚು ಹಾಕುವ ಯೋಚನೆ ಯಾರಿಗೂ ಬರದಿರಲು ಇಷ್ಟು ಸಾಕು.

ಈಗ ಅದೇ ಮೊದಲ ಕಾರ್ಖಾನೆ ರಫ್ತಿಗೆ ಹೊರಟರೆ? ಹೊರಗೆ ಸಿಗುವ ಬೆಲೆ 100, ಒಳಸಾಮಗ್ರಿಗೆ ಸುಂಕ ಸೇರಿ 66, ಉಳಿಯುವುದು 34. ಅಂದರೆ ಶೇ 15 ನಷ್ಟ. ಒಂದೇ ಸುಂಕಪಟ್ಟಿ ಒಳಗೆ ಮಾರಿದವರಿಗೆ ಶೇ 60 ಬಹುಮಾನ, ಹೊರಗೆ ಮಾರಿದವರಿಗೆ ಶೇ 15 ದಂಡ ಹಾಕುತ್ತಿದೆ. ಉದ್ಯಮಿ ಒಳಮಾರುಕಟ್ಟೆಯಲ್ಲೇ ಉಳಿದರೆ ಅದು ದೇಶದ್ರೋಹವಲ್ಲ, ಲೆಕ್ಕ ಹಾಗಿದೆ. ಅದನ್ನು ಬದಲಿಸುವುದು ಸರ್ಕಾರದ ಕೆಲಸ.

ರಕ್ಷಣೆಯೇ ತಪ್ಪು ಎಂದು ನಾನು ಹೇಳುವುದಿಲ್ಲ. ದಕ್ಷಿಣ ಕೊರಿಯಾದ ಹ್ಯುಂಡೈ 1975ರಲ್ಲಿ ಪೋನಿ ಕಾರು ತಂದಾಗಲೂ, ಮಲೇಷ್ಯಾದ ಪ್ರೋಟಾನ್ 1985ರಲ್ಲಿ ಸಾಗಾ ತಂದಾಗಲೂ ತಂತ್ರಜ್ಞಾನಕ್ಕೆ ಆಸರೆಯಾದದ್ದು ಜಪಾನಿನ ಮಿತ್ಸುಬಿಷಿ. ಎರಡಕ್ಕೂ ಮನೆಯ ಮಾರುಕಟ್ಟೆಯಲ್ಲಿ ಭಾರೀ ರಕ್ಷಣೆ ಇತ್ತು. ಆದರೆ ಕೊರಿಯಾ ಸರ್ಕಾರ ರಫ್ತು ಮಾಡಲೇಬೇಕೆಂದು ಕಂಪನಿಯ ಬೆನ್ನು ಹತ್ತಿತ್ತು. ಪೋನಿ 1976ರಲ್ಲೇ ಈಕ್ವೆಡಾರ್‌ಗೆ ಹೋಯಿತು, 1986ರಲ್ಲಿ ಹ್ಯುಂಡೈನದೇ ಎಕ್ಸೆಲ್ ಕಾರು ಅಮೆರಿಕ ತಲುಪಿತು. ಪ್ರೋಟಾನ್ ಕೂಡ 1989ರಲ್ಲಿ ಬ್ರಿಟನ್‌ಗೆ ಹೋಗಿತ್ತು, ಆದರೆ ಹೊರಗೆ ಸೋತರೆ ಒಳಗಿನ ರಕ್ಷಣೆ ಕೈತಪ್ಪುವ ಭಯ ಅದಕ್ಕಿರಲಿಲ್ಲ. 2017ರಲ್ಲಿ ಅದರ ಶೇ 49.9 ಪಾಲು ಚೀನಾದ ಗೀಲಿಗೆ ಹೋಯಿತು.

ಕೊರಿಯಾದ ಅಗ್ಗದ ಸಾಲದಲ್ಲೂ ಇದೇ ಜಾಣತನ ಇತ್ತು. 1960ರ ದಶಕದ ಉತ್ತರಾರ್ಧದಲ್ಲಿ ಸಾಮಾನ್ಯ ಬ್ಯಾಂಕ್ ಸಾಲದ ಬಡ್ಡಿ ಶೇ 20ಕ್ಕೂ ಮೇಲಿದ್ದಾಗ ರಫ್ತು ಸಾಲ ಶೇ 6ರ ಆಸುಪಾಸಿಗೆ ಸಿಗುತ್ತಿತ್ತು. ಅದನ್ನು ಪಡೆಯಲು ವಿದೇಶಿ ಖರೀದಿದಾರರ ಎಲ್‌ಸಿ (ಸರಕು ಕಳಿಸಿದ ದಾಖಲೆ ಕೊಟ್ಟರೆ ಹಣ ಕೊಡುತ್ತೇವೆಂದು ಖರೀದಿದಾರರ ಬ್ಯಾಂಕು ಬರೆದುಕೊಡುವ ಪತ್ರ) ತೋರಿಸಿದರೆ ಸಾಕಿತ್ತು. ಯೋಜನಾ ವರದಿಯನ್ನು ಯಾರಿಂದ ಬೇಕಾದರೂ ಚೆಂದವಾಗಿ ಬರೆಸಬಹುದು. ಪರದೇಶದ ಗಿರಾಕಿಯ ಹಣದ ಭರವಸೆಯನ್ನು ಹಾಗೆ ಬರೆಸಿಕೊಳ್ಳಲಾಗದು.

ಬಾಂಡ್_ಗೋದಾಮು

ಮೇಲಿನ ಶೇ 15 ನಷ್ಟವನ್ನು ಅಳಿಸುವ ದಾರಿ ಎರಡು: ಸುಂಕ ಕಟ್ಟಿಸಿಕೊಂಡು ರಫ್ತಾದ ಮೇಲೆ ಮರುಪಾವತಿ, ಇಲ್ಲವೇ ಬಾಂಡೆಡ್ ಗೋದಾಮು, ಅಂದರೆ ರಫ್ತು ಮಾಡುತ್ತೇನೆಂದು ಮುಚ್ಚಳಿಕೆ (ಬಾಂಡ್) ಬರೆದುಕೊಟ್ಟು ಒಳಸಾಮಗ್ರಿಯನ್ನು ಸುಂಕ ಕಟ್ಟದೆ ತಂದಿಡುವ ಗೋದಾಮು. ಆಡಳಿತ ನಿಧಾನವಿರುವ ದೇಶದಲ್ಲಿ ಮರುಪಾವತಿ ಸಾಮಾನ್ಯವಾಗಿ ಸೋಲುತ್ತದೆ. 100ರ ಸರಕಿಗೆ 6 ಸುಂಕ ಮುಂಗಡ ಕಟ್ಟಬೇಕು, ಲಾಭವೇ 5 ಇದ್ದರೆ ಆ 6 ತಿಂಗಳುಗಟ್ಟಲೆ ಕಚೇರಿಯಲ್ಲಿ ಸಿಕ್ಕಿಕೊಳ್ಳುವಷ್ಟರಲ್ಲಿ ದುಡಿಯುವ ಬಂಡವಾಳ ಬತ್ತುತ್ತದೆ. ದೊಡ್ಡ ಕಂಪನಿ ತಡೆದುಕೊಳ್ಳುತ್ತದೆ, ಹೊಸಬರು ತಡೆದುಕೊಳ್ಳಲಾರರು.

ಬಾಂಗ್ಲಾದೇಶದ ಉಡುಪು ಉದ್ಯಮ ಎದ್ದು ನಿಂತದ್ದು ಎರಡನೆಯ ದಾರಿಯಿಂದ. 1978ರಲ್ಲಿ ದೇಶ್ ಗಾರ್ಮೆಂಟ್ಸ್ ಕೊರಿಯಾದ ದೇವೂ ಜತೆ ಒಪ್ಪಂದ ಮಾಡಿಕೊಂಡಿತು. ಆಗ ಶ್ರೀಮಂತ ದೇಶಗಳು ಬಟ್ಟೆ, ಉಡುಪಿನ ಆಮದಿಗೆ ಮಿತಿ ಹಾಕುತ್ತಿದ್ದ ಬಹುನೂಲು ಒಪ್ಪಂದದಡಿ ಕೊರಿಯಾದ ಉಡುಪಿಗೆ ಕೋಟಾ ಮಿತಿ ಇತ್ತು, ದೇವೂಗೆ ಬೇಕಾದದ್ದು ಕೋಟಾ ಬೀಳದ ನೆಲ. ಜೊತೆಗೆ ಯಂತ್ರ, ಬಟ್ಟೆ ಮಾರಾಟ ಮತ್ತು ಕಮಿಷನ್. ದಾನಧರ್ಮ ಏನಿಲ್ಲ. 130 ಮಂದಿ ಬೂಸಾನ್ ಕಾರ್ಖಾನೆಯಲ್ಲಿ ಆರು ತಿಂಗಳು ತರಬೇತಿ ಪಡೆದು ಬಂದರು, 1980ರಲ್ಲಿ ಉತ್ಪಾದನೆ ಶುರುವಾಯಿತು, 1981ರಲ್ಲಿ ದೇಶ್ ಒಪ್ಪಂದದಿಂದ ಹೊರಬಂತು. 1987ರ ಹೊತ್ತಿಗೆ ಆ 130ರಲ್ಲಿ 115 ಮಂದಿ ಕಂಪನಿ ಬಿಟ್ಟು ತಮ್ಮದೇ ಘಟಕ ಕಟ್ಟಿದ್ದರು ಅಥವಾ ಬೇರೆ ಹೊಸ ಘಟಕಗಳಲ್ಲಿದ್ದರು. ಕಂಪನಿಗೆ ಅದು ನಷ್ಟ, ದೇಶಕ್ಕೆ ಅದೇ ಲಾಭ.

ಅವರು ಹೊರಬಂದು ನಿಲ್ಲಲು ಸಾಧ್ಯವಾದದ್ದು ಬಾಂಡ್ ಮತ್ತು ಬ್ಯಾಕ್-ಟು-ಬ್ಯಾಕ್ ಎಲ್‌ಸಿ ಎರಡೂ ಹೊಸಬರಿಗೂ ಸಿಕ್ಕಿದ್ದರಿಂದ. ವ್ಯವಹಾರ ಹೀಗೆ ನಡೆಯುತ್ತದೆ: ಖರೀದಿದಾರರು ರಫ್ತು ಎಲ್‌ಸಿ ತೆರೆಯುತ್ತಾರೆ. ಅದನ್ನೇ ಆಧಾರವಾಗಿಟ್ಟುಕೊಂಡು ಬ್ಯಾಂಕು ಬಟ್ಟೆ, ಗುಂಡಿ, ಜಿಪ್ ಪೂರೈಸುವವರ ಹೆಸರಿಗೆ ಎರಡನೇ ಎಲ್‌ಸಿ ತೆರೆಯುತ್ತದೆ, ಪಾವತಿಗೆ ಸಾಮಾನ್ಯವಾಗಿ 90ರಿಂದ 180 ದಿನ ಗಡುವು. ಸರಕು ಸುಂಕವಿಲ್ಲದೆ ಬಾಂಡ್ ಗೋದಾಮಿಗೆ ಬರುತ್ತದೆ, ಹೊಲಿದು ರಫ್ತಾಗುತ್ತದೆ, ಬಂದ ಹಣದಿಂದ ಬ್ಯಾಂಕು ಮೊದಲು ಬಟ್ಟೆಯವರ ಬಾಕಿ ತೀರಿಸಿಕೊಂಡು ಉಳಿದದ್ದನ್ನು ಘಟಕದ ಖಾತೆಗೆ ಹಾಕುತ್ತದೆ. ಉದ್ಯಮಿಯ ಕೈಯಿಂದ ಬೇಕಾದದ್ದು ಶೆಡ್, ಹೊಲಿಗೆ ಯಂತ್ರ, ಮೊದಲ ಕೆಲವು ತಿಂಗಳ ಕೂಲಿ.

ಎಡವುವುದು ಎಲ್ಲಿ? ಸಾಗಣೆ ತಡವಾದರೆ ಖರೀದಿದಾರರು ರಿಯಾಯಿತಿ ಕೇಳುತ್ತಾರೆ, ಇಲ್ಲವೇ ಸ್ವಂತ ಖರ್ಚಿನಲ್ಲಿ ವಿಮಾನದಲ್ಲಿ ಕಳಿಸಬೇಕು. ಒಂದೇ ಸಾಗಣೆಯಲ್ಲಿ ವರ್ಷದ ಲಾಭ ಹೋಗಬಹುದು. ದಾಖಲೆಯಲ್ಲಿ ಅಕ್ಷರ, ತೂಕ, ದಿನಾಂಕ ಎಲ್‌ಸಿಗೆ ಹೊಂದದಿದ್ದರೂ ಹಣ ನಿಲ್ಲುತ್ತದೆ. ರಫ್ತಿನ ಹಣ ಬರದಿದ್ದರೂ ಬ್ಯಾಂಕು ಎರಡನೇ ಎಲ್‌ಸಿಯ ಹಣ ಕೊಡಲೇಬೇಕು, ಅದು ಉದ್ಯಮಿಯ ತಲೆಯ ಮೇಲೆ ಬಲವಂತದ ಸಾಲವಾಗಿ ಕೂರುತ್ತದೆ.

ಸರ್ಕಾರದ ಕಡೆಯ ತೊಂದರೆ ಸೋರಿಕೆ. ಬಾಂಡ್ ಬಟ್ಟೆ ಒಳಮಾರುಕಟ್ಟೆಗೆ ಹರಿದರೆ ಸುಂಕ ಕಟ್ಟಿ ತಂದವರು, ಸ್ಥಳೀಯ ಗಿರಣಿಯವರು ಇಬ್ಬರೂ ಮುಳುಗುತ್ತಾರೆ. ತಡೆಯುವ ಕೀಲಿ ಬಳಕೆ ಪ್ರಮಾಣದ ಪಟ್ಟಿ: ಒಂದು ಡಜನ್ ಅಂಗಿಗೆ ಇಷ್ಟು ಗಜ ಬಟ್ಟೆ, ಇಷ್ಟು ಶೇಕಡಾ ವ್ಯರ್ಥ. ವ್ಯರ್ಥದ ಪ್ರಮಾಣವನ್ನು ಧಾರಾಳವಾಗಿ ಇಟ್ಟರೆ ಸೋರಿಕೆಗೆ ಸರ್ಕಾರವೇ ಬಾಗಿಲು ತೆರೆದಂತೆ. ಪಾದರಕ್ಷೆಯಲ್ಲಿ ಇದು ಇನ್ನೂ ಕಷ್ಟ. ತೊಗಲಿನ ಅಂಚು, ಗಾಯದ ಗುರುತು, ದಪ್ಪ ಒಂದೊಂದರಲ್ಲಿ ಒಂದೊಂದು ಥರ. ಹಾಗಾಗಿ ದರ್ಜೆವಾರು ಬೇರೆ ಬೇರೆ ಪ್ರಮಾಣ ಬೇಕು, ಎಲ್ಲದಕ್ಕೂ ಒಂದೇ ಅಂಕಿ ಹಾಕಬೇಡಿ. ಜೊತೆಗೆ, ಸ್ಥಳೀಯವಾಗಿ ಅಟ್ಟೆ ಮಾಡಿ ರಫ್ತು ಘಟಕಕ್ಕೆ ಕೊಡುವವರಿಗೂ ಅದೇ ಸುಂಕಮುಕ್ತ ಸೌಲಭ್ಯ ಇರಬೇಕು. ಇಲ್ಲದಿದ್ದರೆ ಸುಂಕಮುಕ್ತ ವಿದೇಶಿ ಅಟ್ಟೆಯ ಎದುರು ಸ್ಥಳೀಯ ಅಟ್ಟೆ ಸದಾ ದುಬಾರಿ.

ಬಾಂಗ್ಲಾದೇಶದಲ್ಲಿ ಉಡುಪಿಗೆ ಸಿಕ್ಕಷ್ಟು ಸಲೀಸಾಗಿ ಬೇರೆ ರಫ್ತುದಾರರಿಗೆ ಬಾಂಡ್ ಸಿಗಲಿಲ್ಲ. ರಫ್ತಿನ ಶೇ 80ಕ್ಕೂ ಹೆಚ್ಚು ಉಡುಪೇ ಆಗಿ ನಿಂತಿರುವುದಕ್ಕೆ ಇದೂ ಒಂದು ಕಾರಣ.

ತೆರಿಗೆ_ಕಡತ

ಎರಡನೇ ಬೇಡಿಕೆಗೆ ಬರುತ್ತೇನೆ. ತೆರಿಗೆ ರಜೆಯಿಂದ ಯಾರಿಗೆ ಎಷ್ಟು ಸಿಗುತ್ತದೆ ಎಂದು ಬರೆದು ನೋಡಿ. ಲಾಭದ ಮೇಲಿನ ತೆರಿಗೆ ದರ ಶೇ 25 ಎಂದಿಟ್ಟುಕೊಳ್ಳಿ. ಒಂದು ಘಟಕ 100 ಹೂಡಿ ವರ್ಷಕ್ಕೆ 5 ಲಾಭ ಮಾಡುತ್ತದೆ, ರಜೆಯ ಬೆಲೆ 1.25. ಇನ್ನೊಂದು 10 ಹೂಡಿ 30 ಲಾಭ ಮಾಡುತ್ತದೆ, ಅದಕ್ಕೆ 7.5. ಎರಡನೆಯದು ರಜೆ ಇಲ್ಲದಿದ್ದರೂ ಬರುತ್ತಿತ್ತು. ಮೊದಲ ನಾಲ್ಕಾರು ವರ್ಷ ನಷ್ಟದಲ್ಲೇ ನಡೆಯುವ ಭಾರೀ ಹೂಡಿಕೆಯ ಘಟಕಕ್ಕೆ ಆ ವರ್ಷಗಳಲ್ಲಿ ರಜೆಯಿಂದ ಏನೂ ಸಿಗದು.

ಬದಲಿಗೆ ತ್ವರಿತ ಸವಕಳಿ ಕೊಡಿ: ಯಂತ್ರಕ್ಕೆ ಹಾಕಿದ ಹಣದಲ್ಲಿ ಮೊದಲ ವರ್ಷವೇ ಅರ್ಧ ಅಥವಾ ಪೂರ್ತಿ ಕಳೆಯಲು ಅವಕಾಶ, ಉಳಿದ ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ಯಲು ಅವಕಾಶ. ಆಗ ರಿಯಾಯಿತಿ ಹೂಡಿಕೆಯ ಬೆನ್ನಿಗೆ ಹೋಗುತ್ತದೆ, ಲಾಭದ ಬೆನ್ನಿಗಲ್ಲ.

ರಜೆಯ ಇನ್ನೆರಡು ಕೆಡುಕುಗಳು. 10ನೇ ವರ್ಷ ಮುಗಿಯುತ್ತಿದ್ದಂತೆ ಅದೇ ಯಂತ್ರ, ಅದೇ ಕೆಲಸಗಾರರು ಹೊಸ ಹೆಸರಿನ ಕಂಪನಿಗೆ ವರ್ಗವಾಗುತ್ತಾರೆ. ಆದ್ದರಿಂದ ನಿಯಮದಲ್ಲಿ ‘ಹೊಸ ಘಟಕ’ ಎಂದು ಬರೆದು ಬಿಡಬಾರದು, ಹಳೆಯ ಯಂತ್ರದ ಮೌಲ್ಯ ಇಷ್ಟು ಶೇಕಡಾ ಮೀರಬಾರದು ಎಂಬ ಮಿತಿ ಬೇಕು. ಎರಡನೆಯದು, ಒಂದೇ ಮಾಲೀಕರ ಎರಡು ಕಂಪನಿಗಳಲ್ಲಿ ಒಂದಕ್ಕೆ ರಜೆ, ಇನ್ನೊಂದಕ್ಕೆ ಪೂರ್ತಿ ತೆರಿಗೆ ಇದ್ದರೆ ಲಾಭವೆಲ್ಲ ರಜೆಯ ಕಂಪನಿಗೆ, ಖರ್ಚೆಲ್ಲ ಇನ್ನೊಂದಕ್ಕೆ. ಒಳಗೊಳಗಿನ ಬಡ್ಡಿ, ರಾಯಧನ, ಆಡಳಿತ ಶುಲ್ಕದ ಮೂಲಕ ಇದು ಸುಲಭ. ಬಡ್ಡಿ ಖರ್ಚಿಗೆ ಮಿತಿ ಹಾಕುವುದು ಸಾಧ್ಯವಿರುವ ತಡೆಗಳಲ್ಲಿ ಅತಿ ಸರಳ, ಅದಕ್ಕೆ ದೊಡ್ಡ ತನಿಖಾ ದಳ ಬೇಡ.

ದೊಡ್ಡ ಬಹುರಾಷ್ಟ್ರೀಯ ಕಂಪನಿಗಳಿಗೆ ರಜೆ ಕೊಡುವ ಮುನ್ನ ಜಾಗತಿಕ ಕನಿಷ್ಠ ತೆರಿಗೆಯ ನಿಯಮ ಓದಿ. 2021ರಲ್ಲಿ ಹಲವು ದೇಶಗಳು ಒಪ್ಪಿದ ಈ ವ್ಯವಸ್ಥೆಯಡಿ ವಾರ್ಷಿಕ ವಹಿವಾಟು 75 ಕೋಟಿ ಯೂರೊ ಮುಟ್ಟಿದ ಸಮೂಹಗಳ ತೆರಿಗೆ ಶೇ 15ಕ್ಕಿಂತ ಕೆಳಗಿದ್ದರೆ ಕೊರತೆಯನ್ನು ಬೇರೊಂದು ದೇಶ ವಸೂಲು ಮಾಡಬಹುದು. ಹಲವು ದೇಶಗಳಲ್ಲಿ 2024ರಿಂದ ಜಾರಿಯಲ್ಲಿದೆ. ಕೂಲಿ ಮತ್ತು ಯಂತ್ರಾಸ್ತಿಯ ಒಂದು ಭಾಗಕ್ಕೆ ಅದರಲ್ಲಿ ವಿನಾಯಿತಿ ಇದೆ, ಉಳಿದದ್ದಕ್ಕೆ ಬಡ ದೇಶ ಬಿಟ್ಟುಕೊಟ್ಟ ಹಣ ಶ್ರೀಮಂತ ದೇಶದ ಬೊಕ್ಕಸ ಸೇರಬಹುದು. ಅಂಥ ಸಮೂಹಗಳ ಮಟ್ಟಿಗೆ ತಾವೇ ಶೇ 15ರ ದೇಶೀಯ ಪೂರಕ ತೆರಿಗೆ ವಿಧಿಸಿಕೊಳ್ಳುವುದು ಮೇಲು.

ನೀತಿ_ಓದುಗ

ಬಹಳ ಉಪಕಾರವಾಯಿತು. ಎರಡು ಸಂದೇಹ. ಕೊರಿಯಾದಂತೆ ‘ಇಷ್ಟು ರಫ್ತು ಮಾಡಿದರೆ ಇಷ್ಟು ಸಹಾಯಧನ’ ಎಂಬ ಷರತ್ತನ್ನು ಇಂದು ಹಾಕಬಹುದೇ? ಮೂರನೆಯ ಬೇಡಿಕೆಯ ಬಗ್ಗೆ ಯಾರೂ ನೇರವಾಗಿ ಹೇಳಲಿಲ್ಲ.

ಒಪ್ಪಂದ_ಪಾಠ

ರಫ್ತಿಗೆ ಕಟ್ಟಿದ ಸಹಾಯಧನವನ್ನು ವಿಶ್ವ ವ್ಯಾಪಾರ ಸಂಸ್ಥೆಯ ಸಹಾಯಧನ ಒಪ್ಪಂದ ನಿಷೇಧಿಸುತ್ತದೆ. ಅತಿ ಹಿಂದುಳಿದ ದೇಶಗಳಿಗೆ ಮತ್ತು ತಲಾ ಆದಾಯ 1990ರ ಡಾಲರ್ ಲೆಕ್ಕದಲ್ಲಿ 1,000 ಮುಟ್ಟದ, ಪಟ್ಟಿಯಲ್ಲಿ ಹೆಸರಿರುವ ಕೆಲವು ದೇಶಗಳಿಗೆ ಮಾತ್ರ ವಿನಾಯಿತಿ. ‘ಸ್ಥಳೀಯ ಬಿಡಿಭಾಗ ಇಷ್ಟು ಶೇಕಡಾ ಬಳಸಿ’ ಎಂಬ ಷರತ್ತೂ ನಡೆಯದು. ಇಂಡೊನೇಷ್ಯಾ 1996ರಲ್ಲಿ ಆಗಿನ ಅಧ್ಯಕ್ಷ ಸುಹಾರ್ತೊ ಅವರ ಮಗನ ಟಿಮೋರ್ ಕಾರಿಗೆ ಅಂಥ ಷರತ್ತಿನ ಮೇಲೆ ಸುಂಕ, ತೆರಿಗೆ ವಿನಾಯಿತಿ ಕೊಟ್ಟಿತು. ಸಾಲದೆಂಬಂತೆ ಕೊರಿಯಾದ ಕಿಯಾದಿಂದ ಪೂರ್ತಿ ತಯಾರಾದ 45,000 ಕಾರು ತರಿಸಲೂ ಒಪ್ಪಿತು. ಜಪಾನ್, ಯುರೋಪ್, ಅಮೆರಿಕ ದೂರು ಕೊಟ್ಟವು, 1998ರಲ್ಲಿ ಇಂಡೊನೇಷ್ಯಾ ಸೋತಿತು.

ಉಳಿದಿರುವ ದಾರಿಗಳೂ ಕಡಿಮೆ ಇಲ್ಲ. ರಫ್ತು ಸರಕಿನ ಒಳಸಾಮಗ್ರಿಯ ಸುಂಕವನ್ನು ಬಿಡುವುದು, ಕಟ್ಟಿದ್ದಕ್ಕಿಂತ ಹೆಚ್ಚು ಕೊಡದ ತನಕ, ಸಹಾಯಧನವಲ್ಲ. ತರಬೇತಿ, ಗುಣಮಟ್ಟ ಪರೀಕ್ಷಾಲಯ, ರಸ್ತೆ, ವಿದ್ಯುತ್ತು ಎಲ್ಲ ಉದ್ಯಮಕ್ಕೂ ತೆರೆದಿದ್ದರೆ ತಕರಾರಿಲ್ಲ. ಸುಂಕದ ಇಳಿಕೆ ವೇಳಾಪಟ್ಟಿಯನ್ನು ಮೊದಲ ದಿನವೇ ಗೆಜೆಟ್‌ನಲ್ಲಿ ಮುದ್ರಿಸಬಹುದು: 30, 25, 20, ಹೀಗೆ ವರ್ಷವರ್ಷ. ಮುಂದುವರಿಸಲು ಹೊಸ ಆದೇಶ ಬೇಕು, ಇಳಿಸಲು ಏನೂ ಬೇಡ ಎಂಬಂತೆ ಬರೆಯಬೇಕು. ಗಡುವು ಬಂದಾಗ ಪರಿಶೀಲಿಸುತ್ತೇವೆ ಎಂದು ಬರೆದರೆ ಅಷ್ಟರಲ್ಲಿ ಲಾಬಿ ಬಲಿತಿರುತ್ತದೆ.

ಮೂರನೆಯ ಬೇಡಿಕೆಯನ್ನು ಎಲ್ಲಕ್ಕಿಂತ ಮೊದಲು ತಿರಸ್ಕರಿಸಿ. ಖಜಾನೆಗೆ ಖರ್ಚಿಲ್ಲ ಎನ್ನುವುದೇ ಅದರ ಅಪಾಯ, ಏಕೆಂದರೆ ಆಯವ್ಯಯದಲ್ಲಿ ಕಾಣದ್ದನ್ನು ಯಾವ ಲೆಕ್ಕಪರಿಶೋಧಕರೂ ಹಿಡಿಯಲಾರರು. ಟುನೀಸಿಯಾ ನೋಡಿ. ದೂರಸಂಪರ್ಕ, ವಿಮಾನಯಾನದಂಥ ಕ್ಷೇತ್ರಗಳಿಗೆ ಪೂರ್ವಾನುಮತಿ ಕಡ್ಡಾಯವಿತ್ತು, ಆಗಿನ ಅಧ್ಯಕ್ಷ ಬೆನ್ ಅಲಿಯವರ ಬಂಧುಬಳಗದ ಕಂಪನಿಗಳು ಅಲ್ಲೇ ಗುಂಪುಗೂಡಿದವು. ವಿಶ್ವ ಬ್ಯಾಂಕ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2010ರ ಕೊನೆಗೆ ಅಂಥ 220 ಕಂಪನಿಗಳಿಗೆ ಖಾಸಗಿ ವಲಯದ ಲಾಭದಲ್ಲಿ ಶೇ 21 ಹೋಗುತ್ತಿತ್ತು. ಉದ್ಯೋಗದಲ್ಲಿ ಅವುಗಳ ಪಾಲು ಅದರ ಹತ್ತಿರಕ್ಕೂ ಬರದು. ಬಾಗಿಲು ಮುಚ್ಚಿದ್ದ ಕಡೆ ಲಾಭ, ಬಾಗಿಲ ಹೊರಗೆ ಪದವಿ ಹಿಡಿದು ಕೆಲಸವಿಲ್ಲದೆ ನಿಂತ ಯುವಕರು.

ಬಾಂಗ್ಲಾದೇಶದ ಆ 115 ಮಂದಿ ಹೊರಬಂದಾಗ ಐದು ವರ್ಷ ಹೊಸ ಪರವಾನಗಿ ಇಲ್ಲ ಎಂಬ ನಿಯಮ ಇದ್ದಿದ್ದರೆ, ಕಲಿತ ಕಸುಬು ಒಂದೇ ಕಂಪನಿಯ ಗೋಡೆಯೊಳಗೆ ಉಳಿಯುತ್ತಿತ್ತು.

ಸುಂಕ_ಲೆಕ್ಕ

ಒಪ್ಪುತ್ತೇನೆ, ಒಂದು ಮಾತು ಸೇರಿಸಬೇಕು. ‘ಸಾಮರ್ಥ್ಯ ಹೆಚ್ಚಾಗಿದೆ’ ಎಂಬ ದೂರು ಕೆಲವೊಮ್ಮೆ ನಿಜ. ಉಕ್ಕು, ಸಿಮೆಂಟಿನಂಥ ಭಾರೀ ಸ್ಥಿರವೆಚ್ಚದ ಉದ್ಯಮದಲ್ಲಿ ಅರ್ಧ ಖಾಲಿ ಓಡುವ ನಾಲ್ಕು ಕಾರ್ಖಾನೆ ಎಲ್ಲವೂ ಬ್ಯಾಂಕಿನ ಸಾಲ ಮುಳುಗಿಸಬಹುದು. ಪಾದರಕ್ಷೆ ಹಾಗಲ್ಲ, ಅಲ್ಲಿ ಚಿಕ್ಕ ಘಟಕವೂ ಬದುಕುತ್ತದೆ. ಭಾರೀ ಉದ್ಯಮದಲ್ಲೂ ಮದ್ದು ಪರವಾನಗಿ ತಡೆಯಲ್ಲ, ಸೋತ ಕಂಪನಿ ಬೇಗ ಮುಚ್ಚುವ ದಿವಾಳಿ ಕಾನೂನು ಮತ್ತು ಹಳೆಯ ಸಾಲ ತೀರಿಸಲು ಹೊಸ ಸಾಲ ಕೊಡದ ಬ್ಯಾಂಕು. ಕೊರಿಯಾ ಇದನ್ನು ಕಡೆಗಣಿಸಿದ್ದರ ಫಲ 1997ರ ಜನವರಿಯಲ್ಲಿ ಹಾನ್ಬೊ ಉಕ್ಕು ಸಮೂಹ ಕುಸಿದಾಗ ಕಂಡಿತು.

ಬಾಂಡ್_ಗೋದಾಮು

ಇನ್ನೊಂದು ಷರತ್ತು ಟಿಪ್ಪಣಿಯಲ್ಲಿ ಇರಲೇಬೇಕು. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು, ಕೆಳಗಿನ ಬ್ಯಾಂಕು, ಅಂಗಡಿಗಳು ಮುಚ್ಚಿದ್ದವು, ಹೊಲಿಗೆಯವರನ್ನು ಮಾತ್ರ ಒಳಗೆ ಕರೆದರು. ರಫ್ತಿನ ಅಂಕಿಯಲ್ಲಿ ಇದು ಕಾಣುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಬಾಂಡ್ ಪರವಾನಗಿ ಉದ್ಯಮಿಗೆ ಅತ್ಯಂತ ಬೆಲೆಯುಳ್ಳ ಕಾಗದ. ಅದರ ನವೀಕರಣಕ್ಕೆ ಕಟ್ಟಡದ ಭಾರ ತಡೆಯುವ ಶಕ್ತಿಯ ಪ್ರಮಾಣಪತ್ರ, ಬೆಂಕಿ ತುರ್ತು ಬಾಗಿಲುಗಳ ತಪಾಸಣಾ ವರದಿ, ಮೂರು ತಿಂಗಳ ವೇತನ ಪಾವತಿಯ ಬ್ಯಾಂಕ್ ದಾಖಲೆ ಸೇರಿಸಿ. ಪ್ರತ್ಯೇಕ ದಂಡಕ್ಕೆ ಯಾರೂ ಹೆದರುವುದಿಲ್ಲ, ಬಾಂಡ್ ನಿಂತರೆ ಮುಂದಿನ ಕಂಟೇನರ್ ಬಂದರಿನಲ್ಲೇ ನಿಲ್ಲುತ್ತದೆ. ಪ್ರಮಾಣಪತ್ರ ಕೊಡುವ ಎಂಜಿನಿಯರರನ್ನು ಕಾರ್ಖಾನೆ ಆರಿಸಿಕೊಳ್ಳಬಾರದು, ಸಂಘವೂ ಆರಿಸಬಾರದು. ಪಾದರಕ್ಷೆಯಾದರೆ ಅಂಟಿನ ದ್ರಾವಕದ ಹೊಗೆಗೆ ಗಾಳಿಯಾಡುವ ವ್ಯವಸ್ಥೆಯನ್ನೂ ತಪಾಸಣೆಯ ಪಟ್ಟಿಗೆ ಹಾಕಿ, ಆ ಹೊಗೆಗೆ ಬೆಂಕಿ ಹೊತ್ತುವ ಅಪಾಯ ಇದೆ.